ಎಡಗೈ ಇಲ್ಲದ ಚಿತ್ರ

ನನಗೆ ಹೆಸರು ತಂದುಕೊಟ್ಟ ಫೋಟೊದಲ್ಲಿ ಒಬ್ಬ ಯುವಕ ಸೈಕಲ್ ತುಳಿಯುತ್ತ ಏರು ಹತ್ತುತ್ತಿದ್ದಾನೆ. ಹಿಂದಿನ ಕ್ಯಾರಿಯರಿಗೆ ಕೆಂಪು ಬಾಳೆಯ ಇಡೀ ಗೊನೆ ಕಟ್ಟಿದೆ. ಬೆಳಗಿನ ಬಿಸಿಲು ಮೊದಲು ಗೊನೆಯ ಮೇಲೆ, ಆಮೇಲೆ ಅವನ ಕುತ್ತಿಗೆಯ ಬೆವರಿನ ಮೇಲೆ ಬಿದ್ದಿದೆ. ಬಲಗೈ ಹ್ಯಾಂಡಲ್ ಹಿಡಿದಿದೆ. ಎಡಗೈ ಮುಂದಕ್ಕೆ ಚಾಚಿದೆ, ಮೊಣಕೈ ದಾಟುವಷ್ಟರಲ್ಲಿ ಚಿತ್ರದ ಅಂಚು ಬಂದು ಮುಗಿದುಹೋಗುತ್ತದೆ.

ಈ ಫೋಟೊ ಹೇಗೆ ಸಿಕ್ಕಿತು ಎಂದು ಕೇಳಿದವರಿಗೆ ನಾನು ಮೂರು ಥರ ಹೇಳಿದ್ದೇನೆ. ಒಂದರಲ್ಲಿ ಬೆಳಗಿನ ಜಾವದಿಂದ ಕಾದು ಕೂತಿದ್ದೆ. ಇನ್ನೊಂದರಲ್ಲಿ ಟೈರ್ ಪಂಕ್ಚರ್ ಆಗಿ ಅಲ್ಲಿ ನಿಲ್ಲಬೇಕಾಯಿತು. ಮೂರನೆಯದರಲ್ಲಿ ಸುಮ್ಮನೆ ಅದೃಷ್ಟ. ಮೂರರಲ್ಲೂ ನಾನು ಒಳ್ಳೆಯವನೇ. ಅದಕ್ಕೇ ಮೂರರ ಮೇಲೂ ನನಗೆ ಅನುಮಾನ.

ನಾನು ಫೋಟೊ ತೆಗೆದು ಬದುಕುವವನಲ್ಲ. ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿ ಮನೆಮನೆಗೆ ಹೋಗಿ ಹೈಸ್ಕೂಲು ಮಕ್ಕಳಿಗೆ ಗಣಿತ, ವಿಜ್ಞಾನ ಹೇಳಿಕೊಡುತ್ತೇನೆ. ಕುಸನೂರಿನಲ್ಲಿ ಬಾಡಿಗೆ ಕೋಣೆ, ಹಳೆಯ ಸೈಕಲ್, ಯಾರೋ ಬಳಸಿ ಮಾರಿದ ಕ್ಯಾಮೆರಾ. ಭಾನುವಾರ ಬಂದರೆ ಎಲ್ಲಿ ಸೈಕಲ್ ಶರ್ಯತ್ತು ಇದೆಯೋ ಅಲ್ಲಿಗೆ ಹೊರಡುವುದು. ಹತ್ತಿರವಾದರೆ ತುಳಿದುಕೊಂಡೇ ಹೋಗುತ್ತೇನೆ, ದೂರವಾದರೆ ಪ್ಯಾಸೆಂಜರ್ ರೈಲು. ಡಬ್ಬಿಯಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ. ಮಲಗಲು ಯಾವುದಾದರೂ ಮಠದ ಪಡಸಾಲೆ. ಇದನ್ನು ಸ್ವಾತಂತ್ರ್ಯ ಎಂದು ಬರೆಯಬಹುದು, ಒಂದು ಸಲ ಬರೆದೂ ಇದ್ದೆ, ಹೊಡೆದುಹಾಕಿದೆ. ಹೀಗೆ ತಿರುಗುವವನನ್ನು ಜನ ಸ್ವತಂತ್ರನೆಂದು ನೋಡುವುದಿಲ್ಲ. ಇವನು ಏನೋ ಹುಡುಕುತ್ತಿದ್ದಾನೆ ಎಂದು ನೋಡುತ್ತಾರೆ.

ಶರಣಸಿರಸಗಿಯಲ್ಲಿ ಒಮ್ಮೆ ಹೊಲದ ಬದುವಿನ ಮೇಲೆ ನಿಂತು ಕ್ಯಾಮೆರಾ ಎತ್ತಿದ್ದೆ. ಲೇಔಟಿನ ಕಲ್ಲುಗಳನ್ನು ಅಲ್ಲಿ ಆಗತಾನೇ ನೆಟ್ಟಿದ್ದರು. ಇಬ್ಬರು ಗಾಡಿ ನಿಲ್ಲಿಸಿ ಬಂದರು. ಅವರಲ್ಲಿ ಹಿರಿಯ ನನ್ನ ಸೈಕಲ್ಲನ್ನು ಮೇಲಿಂದ ಕೆಳಗೆ ನೋಡಿದ.

"ಸರ್ಕಾರದಾಂವ ಜೀಪಿನ್ಯಾಗ ಬರ್ತಾನ. ರೊಕ್ಕದಾಂವ ಕಾರಿನ್ಯಾಗ ಬರ್ತಾನ. ಸೈಕಲ್ ಮ್ಯಾಲ ಬಂದು ಹೊಲದ ಫೋಟೊ ಹೊಡ್ಯಾಂವ ಯಾವ ಪೈಕಿ ನೀ?"

ಕ್ಯಾಮೆರಾದಲ್ಲಿದ್ದುದನ್ನೆಲ್ಲ ಅಳಿಸು ಎಂದರು. ಅಷ್ಟರಲ್ಲಿ ಖಾಲಿ ಕ್ಯಾನು ಕಟ್ಟಿಕೊಂಡು ಊರಿಗೆ ಮರಳುತ್ತಿದ್ದ ಹಾಲಿನವನು ಇಳಿದು, ಇವರು ಕಾಲೋನಿಯ ಟ್ಯೂಷನ್ ಮಾಸ್ತರು, ತನಗೆ ಗೊತ್ತಿರುವವರು ಎಂದ. ಅವನ ಒಂದು ಮಾತಿಗೆ ಬಿಟ್ಟರು. ಅವನಿಗೆ ಐವತ್ತರ ಹತ್ತಿರ ವಯಸ್ಸು. ಎರಡು ಕ್ಯಾನು ಹಾಲು ಕಟ್ಟಿಕೊಂಡು ದಿನಾ ಅದೇ ಕಾಲೋನಿಗೆ ಬರುತ್ತಿದ್ದ. ಅವತ್ತಿನಿಂದ ನಾನು ಅವನನ್ನು ಕಾಕಾ ಎಂದು ಕರೆಯತೊಡಗಿದೆ.

ನನಗೆ ಆ ಫೋಟೊ ಸಿಕ್ಕ ಶರ್ಯತ್ತನ್ನು ನಡೆಸಿದವರು ಕಮಲಾಪುರದ ಕೆಲವು ಬಾಳೆ ಬೆಳೆಗಾರರು. ಗೇರ್ ಇಲ್ಲದ, ಕ್ಯಾರಿಯರ್ ಇರುವ ಸಾದಾ ಸೈಕಲ್ಲುಗಳಿಗೆ ಮಾತ್ರ ಪ್ರವೇಶ. ಕ್ಯಾರಿಯರಿಗೆ ಒಂದು ಗೊನೆ ಕಟ್ಟಿಕೊಂಡು ಕಮಲಾಪುರದಿಂದ ಕಲಬುರಗಿಯ ಅಂಚಿನವರೆಗೆ ಬರಬೇಕು. ದಾರಿಯಲ್ಲಿ ಉದುರಿದ ಒಂದೊಂದು ಹಣ್ಣಿಗೆ ಒಂದೊಂದು ನಿಮಿಷ ಸೇರಿಸುತ್ತಾರೆ. ಕಾಲು ಎಷ್ಟು ಮುಖ್ಯವೋ ಹಗ್ಗ ಕಟ್ಟುವ ಕೈಯೂ ಅಷ್ಟೇ ಮುಖ್ಯ. ಇದು ತನಗೆಂದೇ ಮಾಡಿದ ಶರ್ಯತ್ತು ಎಂದು ಕಾಕಾ ನಂಬಿದ್ದ. ನಾಳೆ ಹಾಲು ತನ್ನ ಹೆಂಡತಿ ತರುತ್ತಾಳೆ, ನಾಡಿದ್ದು ತಾನು ಹಾಲಿನ ಜೊತೆ ಮನೆಗೆ ಎರಡೆರಡು ಕೆಂಪು ಬಾಳೆಹಣ್ಣು ತರುತ್ತೇನೆ ಎಂದು ಹಿಂದಿನ ದಿನ ಎಲ್ಲ ಮನೆಗಳಲ್ಲೂ ಹೇಳಿ ಹೋಗಿದ್ದ.

ನಾನು ಶನಿವಾರ ಸಂಜೆಯೇ ತುಳಿದು ಕಮಲಾಪುರ ಸೇರಿದ್ದೆ. ಬೆಳಿಗ್ಗೆ ಊರು ದಾಟಿ ಸಿಗುವ ಏರಿನಲ್ಲಿ, ಒಂದು ಸಣ್ಣ ಸೇತುವೆಯ ಕಟ್ಟೆಯ ಮೇಲೆ ಕೂತೆ. ನಡೆಸುವವರ ಎರಡು ಬೈಕುಗಳು ದಾರಿ ಬಿಡಿಸುತ್ತ ಮುಂದೆ ಹೋದವು. ಆಮೇಲೆ ಮೇವು ತುಂಬಿದ ಒಂದು ಟೆಂಪೊ. ಅದರ ಬೆನ್ನಿಗೇ ಆ ಯುವಕ, ಕಮಲಾಪುರದ ಬಾಳೆ ವ್ಯಾಪಾರಿಯೊಬ್ಬರ ಅಕ್ಕನ ಮಗ. ಬಹಳ ಹಿಂದೆ ಕಾಕಾ, ಸೀಟಿನಿಂದ ಎದ್ದು ನಿಂತು ತುಳಿಯುತ್ತಿದ್ದ. ನಾನು ಒಂದು ಕಣ್ಣು ಮುಚ್ಚಿ ಕ್ಯಾಮೆರಾ ಒತ್ತಿದೆ. ಏನು ನೋಡಿದೆ? ಕೆಂಪು ನೋಡಿದೆ. ಇಷ್ಟನ್ನು ಮಾತ್ರ ಧೈರ್ಯವಾಗಿ ಬರೆಯಬಲ್ಲೆ.

ಯುವಕ ಗೆದ್ದ, ಕಾಕಾ ಎರಡನೆಯವನಾದ. ಕಾಕಾನ ಗೊನೆಯಿಂದ ಒಂದು ಹಣ್ಣೂ ಉದುರಿರಲಿಲ್ಲ. ಗೆದ್ದವನು ಏರಿನ ಉದ್ದಕ್ಕೂ ಟೆಂಪೊದ ಹಿಂದೆ ಜೋತುಬಿದ್ದ ಸರಪಳಿ ಹಿಡಿದಿದ್ದ ಎಂದು ಕಾಕಾ ಅಲ್ಲೇ ತಕರಾರು ಎತ್ತಿದ. ನೋಡಿದವರು ಯಾರು ಎಂದು ಕೇಳಿದರು. ಸೋತವರು ಎಲ್ಲ ಶರ್ಯತ್ತಿನಲ್ಲೂ ಹೀಗೇ ಅನ್ನುತ್ತಾರೆ ಎಂದು ಯಾರೋ ನಕ್ಕರಂತೆ. ನಾನು ಹಿಂದೆ ತುಳಿಯುತ್ತ ಬಂದು ಮುಟ್ಟುವಾಗ ಪೆಂಡಾಲು ಬಿಚ್ಚುತ್ತಿದ್ದರು.

ಸೋಮವಾರ ಹಾಲು ಹಾಕುತ್ತ ಎಲ್ಲ ಮನೆಗಳಲ್ಲೂ ಸರಪಳಿಯ ಮಾತು ಹೇಳಿ, ಕೊನೆಗೆ ಕಾಕಾ ನನ್ನ ಕೋಣೆಗೆ ಬಂದ. ಹೊಸ್ತಿಲ ಹೊರಗೇ ನಿಂತ.

"ನೀವು ಕಟ್ಟಿ ಮ್ಯಾಲ ಕುಂತಿದ್ರಿ, ನಾ ನೋಡೀನಿ. ನಿಮ್ಮ ಕ್ಯಾಮೆರಾದಾಗ ಅವನ ಕೈ ಬಂದಿರ್ತದ್ರಿ ಮಾಸ್ತರ."

ನೋಡಿ ಹೇಳುತ್ತೇನೆ ಅಂದೆ. ಬುಧವಾರ ಸಿಕ್ಕಾಗ, ಕೈ ಬಂದಿಲ್ಲ ಎಂದು ಹೇಳಿದೆ. ಅವನು ತಲೆ ಆಡಿಸಿ ಹೋದ. ಮತ್ತೆ ಕೇಳಲಿಲ್ಲ.

ನಾನು ಫೋಟೊವನ್ನು ನಗರದ ಒಂದು ಪ್ರದರ್ಶನಕ್ಕೆ ಕಳಿಸಿದ್ದೆ. ಮೊದಲ ಬಹುಮಾನ ಬಂತು. ಚೌಕಟ್ಟಿನಾಚೆಗೆ ಚಾಚಿದ ಆ ಕೈಯಲ್ಲಿ ಈ ಸೀಮೆಯ ಹಂಬಲವೆಲ್ಲ ಇದೆ ಎಂದು ತೀರ್ಪುಗಾರರೊಬ್ಬರು ಮೈಕಿನಲ್ಲಿ ಹೇಳಿದರು. ನಾನು ಕೈಮುಗಿದೆ. ಪತ್ರಿಕೆಯ ಭಾನುವಾರದ ಪುಟದಲ್ಲಿ ಅರ್ಧ ಪುಟ ಹಾಕಿದರು. ಕ್ಯಾಮೆರಾ ನೋಡಿ ಮುಖ ತಿರುಗಿಸುತ್ತಿದ್ದ ಚಹಾದ ಅಂಗಡಿಯವನು, ತನ್ನದೊಂದು ಫೋಟೊ ಹೊಡೆಯಿರಿ ಎಂದ. ಬೇರೆ ಜಿಲ್ಲೆಯ ಶರ್ಯತ್ತಿನವರು ಫೋನ್ ಮಾಡಿ, ಮಲಗಲು ಲಾಡ್ಜಿನ ಕೋಣೆ ಕೊಡುತ್ತೇವೆ ಬನ್ನಿ ಎಂದರು. ಹೋದೆ. ಮೆತ್ತನೆಯ ಹಾಸಿಗೆಯಲ್ಲಿ ನಿದ್ದೆ ಬರಲಿಲ್ಲ ಎಂದು ಬರೆದರೆ ಚೆಂದ. ಸುಳ್ಳು. ಒಳ್ಳೆಯ ನಿದ್ದೆ ಬಂತು.

ಪತ್ರಿಕೆಯ ಆ ಪುಟ ಕಾಲೋನಿಯ ಮನೆಗಳಿಗೂ ಹೋಗಿತ್ತು. ಅಲ್ಲಿ ನಾನು ಟ್ಯೂಷನ್ ಹೇಳುವ ಒಂದು ಮನೆಯಲ್ಲಿ ನಿವೃತ್ತ ಹೆಡ್‌ಮಿಸ್ ಇದ್ದಾರೆ. ಆ ಸಾಲಿನ ಮನೆಗಳವರು ಯಾವ ಡಾಕ್ಟರು, ಯಾವ ಸ್ಕೂಲು, ಯಾವ ಹಾಲು ಎಂಬುದನ್ನೆಲ್ಲ ಅವರನ್ನು ಕೇಳಿಯೇ ನಿರ್ಧರಿಸುತ್ತಾರೆ. ಅವರು ಪತ್ರಿಕೆಯನ್ನು ಮೇಜಿನ ಮೇಲೆ ಹರಡಿಕೊಂಡು ಯುವಕನ ಮುಖವನ್ನು ಬಹಳ ಹೊತ್ತು ನೋಡಿದರು. ಇಷ್ಟು ಬೆವರು ಸುರಿಸಿ ಗೆದ್ದವನ ಮೇಲೆ ನಮ್ಮ ಹಾಲಿನವನು ಅಷ್ಟು ದೊಡ್ಡ ಸುಳ್ಳು ಹೇಳಿದನಲ್ಲ ಎಂದರು. ಆಮೇಲೆ ಅದೇ ದನಿಯಲ್ಲಿ ಇನ್ನೊಂದು ಮಾತು.

"ಶರ್ಯತ್ತಿನ್ಯಾಗ ಇಷ್ಟು ಸುಳ್ಳು ಹೇಳ್ತಾನಂದ್ರ, ಹಾಲಿನ್ಯಾಗ ಏನು ಮಾಡ್ತಿರಬೇಕು ಸರ್?"

ಮರುದಿನ ಅವರ ಅಡುಗೆಮನೆಗೆ ಲ್ಯಾಕ್ಟೋಮೀಟರ್ ಬಂತು. ಹಾಲಿನಲ್ಲಿ ನೀರಿಲ್ಲ ಎಂದು ಅದು ತೋರಿಸಿತು. ಹಾಗಾದರೆ ಬೇರೆ ಏನೋ ಬೆರೆಸಿ ಗಟ್ಟಿ ಮಾಡಿದ್ದಾನೆ ಎಂಬ ಮಾತು ಹುಟ್ಟಿತು. ಹಾಲು ತೆಳ್ಳಗಿದ್ದರೆ ಒಂದು ಅನುಮಾನ, ಗಟ್ಟಿಯಿದ್ದರೆ ಅದಕ್ಕಿಂತ ದೊಡ್ಡದು. ಒಂದೊಂದೇ ಮನೆಯವರು ಪ್ಯಾಕೆಟ್ ಹಾಲಿಗೆ ಹೋದರು. ಬೆಳಿಗ್ಗೆ ಎರಡು ಕ್ಯಾನು ತರುತ್ತಿದ್ದ ಕಾಕಾ ಒಂದು ಕ್ಯಾನು ತರತೊಡಗಿದ. ಒಂದೇ ಕಡೆ ಭಾರವಾಗಿ ಸೈಕಲ್ ವಾಲಬಾರದೆಂದು ಇನ್ನೊಂದು ಕಡೆಗೆ ಖಾಲಿ ಕ್ಯಾನಿನಲ್ಲಿ ಕಲ್ಲು ಹಾಕಿಕೊಂಡಿದ್ದ. ಅದನ್ನು ನೋಡಿದ ಒಬ್ಬರು, ಆ ಕ್ಯಾನಿನಲ್ಲಿ ನೀರಿರಬೇಕು ಎಂದರಂತೆ.

ಅವತ್ತು ಕೋಣೆಗೆ ಬಂದು ಲ್ಯಾಪ್‌ಟಾಪ್ ತೆರೆದೆ. ಇಡೀ ಫೋಟೊ ಅಲ್ಲೇ ಇತ್ತು. ಎಡಗೈ, ಬಿಗಿದ ಮುಷ್ಟಿ, ಮುಷ್ಟಿಯೊಳಗೆ ಟೆಂಪೊದ ಸರಪಳಿ. ಯುವಕನ ಪೆಡಲು ನಿಂತಿದೆ ಎಂದು ಹೇಳಲಾರೆ, ಫೋಟೊದಲ್ಲಿ ಎಲ್ಲ ಪೆಡಲುಗಳೂ ನಿಂತೇ ಇರುತ್ತವೆ. ಆದರೆ ಸರಪಳಿ ಬಿಗಿಯಾಗಿದೆ.

ಆವರೆಗೆ ನನ್ನ ನೆನಪು ಹೀಗಿತ್ತು: ಭಾನುವಾರ ಮಧ್ಯಾಹ್ನವೇ, ಕಾಕಾ ಬರುವುದಕ್ಕೆ ಮುಂಚೆ, ಟೆಂಪೊದ ಕೊಳಕು ಹಿಂಭಾಗ ಚೆಂದ ಕಾಣುವುದಿಲ್ಲವೆಂದು ಅಷ್ಟನ್ನು ಕತ್ತರಿಸಿದೆ. ಕೈಯೂ ಅದರ ಜೊತೆಗೆ ಹೋಯಿತು, ನಾನು ಗಮನಿಸಲಿಲ್ಲ. ಎಷ್ಟು ಸ್ಪಷ್ಟವಾದ ನೆನಪೆಂದರೆ ಕಿಟಕಿಯ ಬಿಸಿಲು ಕೂಡ ಇದೆ. ಆದರೆ ಕತ್ತರಿಸಿದ ಫೋಟೊದ ಕೆಳಗೆ ದಿನ ನಮೂದಾಗಿತ್ತು. ಮಂಗಳವಾರ ಸಂಜೆ. ಕಾಕಾ ಬಂದುಹೋದ ಮರುದಿನ. ಕ್ಯಾಮೆರಾದ ಗಡಿಯಾರ ತಪ್ಪಿರುತ್ತದೆ ಎಂದುಕೊಂಡೆ. ಅದು ಲ್ಯಾಪ್‌ಟಾಪಿನ ಗಡಿಯಾರ. ಅದೂ ತಪ್ಪಿರಬಹುದು ಎಂದು ಗೋಡೆಯ ಕ್ಯಾಲೆಂಡರಿನೊಂದಿಗೆ ತಾಳೆ ನೋಡಿದೆ. ಸರಿಯಿತ್ತು. ಬಿಸಿಲು ಎಲ್ಲಿಂದ ಬಂತೋ ಗೊತ್ತಿಲ್ಲ.

ಇಡೀ ಫೋಟೊ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಕಮಲಾಪುರಕ್ಕೆ ತುಳಿದೆ. ಶರ್ಯತ್ತು ನಡೆಸಿದವರಲ್ಲಿ ಹಿರಿಯರೊಬ್ಬರು ತೋಟದಲ್ಲಿ ಸಿಕ್ಕರು. ಅವರು ಫೋಟೊವನ್ನು ಬಿಸಿಲಿಗೆ ಹಿಡಿದರು, ಹಿಂದೆ ತಿರುಗಿಸಿದರು, ಮೂಲೆಯನ್ನು ಉಗುರಿನಿಂದ ಕೆರೆದರು. ಪತ್ರಿಕೆಯಲ್ಲಿ ಬಂದ ಪುಟವನ್ನು ಅವರು ಮನೆಯ ಗೋಡೆಗೆ ಕಟ್ಟು ಹಾಕಿಸಿ ಇಟ್ಟಿದ್ದರು.

"ಅದರಾಗ ಸರಪಳಿ ಇಲ್ಲ, ಇದರಾಗ ಅದ. ಮೊದಲು ಬಂದದ್ದು ಖರೇನೋ, ಆಮ್ಯಾಲ ಬಂದದ್ದೋ? ಈಗ ಕಂಪ್ಯೂಟರಿನ್ಯಾಗ ಕುದುರಿಗಿ ಕೋಡು ಹಚ್ತಾರ್ರಿ ಸರ್. ಒಂದು ಕೈ ಹಚ್ಚೂದು ಏನು ದೊಡ್ಡದು?"

ನಾನೇ ಕತ್ತರಿಸಿದ್ದು ಎಂದೆ. ಯಾಕೆ ಕತ್ತರಿಸಿದಿರಿ ಎಂದು ಕೇಳಿದರು. ನಾನು ಫೋಟೊ ವಾಪಸ್ ತೆಗೆದುಕೊಂಡು ಚೀಲಕ್ಕೆ ಹಾಕಿಕೊಂಡೆ. ಅವರು ನಗುತ್ತ ನನಗೊಂದು ಬಾಳೆಹಣ್ಣು ಕೊಟ್ಟರು. ಹಾಲಿನವನು ನನ್ನನ್ನು ಹೇಗೋ ಒಲಿಸಿಕೊಂಡಿದ್ದಾನೆ ಎಂದು ಅವರಿಗೆ ಖಾತ್ರಿಯಾಗಿತ್ತು. ಅವರು ಕೆಟ್ಟವರಲ್ಲ. ಅವರ ಜಾಗದಲ್ಲಿದ್ದರೆ ನಾನೂ ಹಾಗೇ ಕೇಳುತ್ತಿದ್ದೆ.

ಮರಳುವಾಗ ಕಾಕಾನ ಊರು ಶರಣಸಿರಸಗಿಗೆ ಹೋದೆ. ಕಾಕಾ ಎಮ್ಮೆಗಳಿಗೆ ಮೇವು ಹಾಕುತ್ತಿದ್ದ. ಫೋಟೊ ಕೊಟ್ಟೆ. ಅವನು ಅಂಗಿಗೆ ಕೈ ಒರೆಸಿಕೊಂಡು ತೆಗೆದುಕೊಂಡ. ಸಂತೋಷಪಡುತ್ತಾನೆ, ಇಲ್ಲವೇ ಬಯ್ಯುತ್ತಾನೆ ಎಂದುಕೊಂಡಿದ್ದೆ. ಎರಡೂ ಮಾಡಲಿಲ್ಲ. ಮೊದಲ ಸಲ ನನ್ನನ್ನು ಆ ಲೇಔಟಿನ ಇಬ್ಬರು ನೋಡಿದ ಹಾಗೆ ನೋಡಿದ.

"ಬುಧವಾರ ಕೇಳಿದಾಗ ಇಲ್ಲ ಅಂದ್ರಿ. ಈಗ ಹೆಂಗ ಬಂತು?"

ಎಲ್ಲ ಹೇಳಿದೆ. ಮಂಗಳವಾರ ಸಂಜೆ ಎಂಬುದನ್ನೂ ಹೇಳಿದೆ. ಪತ್ರಿಕೆಗೆ ಪತ್ರ ಬರೆಯುತ್ತೇನೆ, ಬಹುಮಾನ ವಾಪಸ್ ಕೊಡುತ್ತೇನೆ ಎಂದೆ. ಅದನ್ನು ನೀವೇನಾದರೂ ಮಾಡಿಕೊಳ್ಳಿ ಎಂಬಂತೆ ಕೈಯಾಡಿಸಿದ. ಶರ್ಯತ್ತಿನ ಬಹುಮಾನವೂ ತನಗೆ ಬೇಡ ಎಂದ. ಫೋಟೊ ಮಡಚಿ ನನಗೇ ವಾಪಸ್ ಕೊಟ್ಟ.

"ಈ ಕಾಗದ ತೋರಿಸಿದ್ರ ನಾನೇ ಮಾಡಿಸೀನಿ ಅಂತಾರ. ನಿಮ್ಮ ಬಾಯಿ ತಗೊಂಡು ಬರ್ರಿ. ನಾಳಿ ಮುಂಜಾನಿ, ಮನಿ ಮನಿಗೆ."

ಪತ್ರಿಕೆಗೆ ಪತ್ರ ಬರೆದೆ, ಅದು ಮುಂದೆ ಅಚ್ಚಾಗಲೇ ಇಲ್ಲ. ಪ್ರದರ್ಶನದವರು ಬಹುಮಾನ ವಾಪಸ್ ತೆಗೆದುಕೊಳ್ಳುವ ಪದ್ಧತಿ ತಮ್ಮಲ್ಲಿಲ್ಲ ಎಂದರು. ಇವೆರಡೂ ನನಗೆ ಸುಲಭದ ಕೆಲಸಗಳಾಗಿದ್ದವು ಎಂಬುದನ್ನು ಇಲ್ಲೇ ಬರೆದುಬಿಡುತ್ತೇನೆ.

ಕಾಕಾ ಕರೆದ ಮರುದಿನ ಮುಂಜಾನೆಯೇ ಅವನ ಸೈಕಲ್ಲಿನ ಹಿಂದೆ ನನ್ನ ಸೈಕಲ್. ಕ್ಯಾಮೆರಾ ತಂದಿರಲಿಲ್ಲ. ಮೊದಲು ಹೋದದ್ದು ಹೆಡ್‌ಮಿಸ್ ಮನೆಗೆ. ಟ್ಯೂಷನ್ ಹೊತ್ತಲ್ಲದ ಹೊತ್ತಿನಲ್ಲಿ ನನ್ನನ್ನು ನೋಡಿ ಅವರು ಗೇಟಿನ ಚಿಲಕ ತೆಗೆಯದೆ ಆ ಕಡೆಯೇ ನಿಂತರು. ದಾರಿಯುದ್ದಕ್ಕೂ ತಯಾರು ಮಾಡಿಕೊಂಡಿದ್ದನ್ನು ಹೇಳಿದೆ. ಆ ಯುವಕ ಟೆಂಪೊ ಹಿಡಿದಿದ್ದು ನಿಜ, ಹಾಲಿನವರು ಸುಳ್ಳು ಹೇಳಿಲ್ಲ, ಫೋಟೊದಲ್ಲಿ ಕೈ ಇತ್ತು, ಕತ್ತರಿಸುವಾಗ ನಾನು ಸರಿಯಾಗಿ ನೋಡಿರಲಿಲ್ಲ.

"ನೋಡಿದ್ರಿ," ಎಂದ ಕಾಕಾ. ದನಿ ಏರಿಸಲಿಲ್ಲ. ಸೈಕಲ್ಲನ್ನು ಎರಡೂ ಕೈಯಲ್ಲಿ ಹಿಡಿದು ರಸ್ತೆ ನೋಡುತ್ತಿದ್ದ. "ನೋಡೀನಿ ಅನ್ರಿ."

ನೋಡಿದ್ದೆ ಎಂದೆ. ನೋಡಿಯೇ ಕತ್ತರಿಸಿದೆ. ಇವರು ಬಂದು ಕೇಳಿದ ಮೇಲೆ ಕತ್ತರಿಸಿದೆ. ಕೈ ಇದ್ದರೆ ಅದು ಬರೀ ಮೋಸದ ಫೋಟೊ, ಕೈ ಇಲ್ಲದಿದ್ದರೆ ಒಳ್ಳೆಯ ಫೋಟೊ, ಅದಕ್ಕೆ. ಹೇಳುತ್ತಿದ್ದಾಗ ನನಗೇ ಅದು ಬೇರೆ ಯಾರದೋ ಕಥೆಯಂತೆ ಕೇಳಿಸಿತು. ಎಷ್ಟು ನಿಜ, ಕಾಕಾ ನಿಂತಿದ್ದಾನೆಂದು ಎಷ್ಟು ಸೇರಿಸಿದೆ ಎಂದು ಇವತ್ತೂ ಬಿಡಿಸಲಾರೆ.

ಹೆಡ್‌ಮಿಸ್ ನನ್ನನ್ನೂ ಕಾಕಾನನ್ನೂ ಒಂದಾದ ಮೇಲೊಂದು ನೋಡಿದರು.

"ಹಾಲು ಪುಕ್ಕಟೆ ಕೊಡ್ತಾನೇನ್ರಿ ನಿಮಗ?"

ನಾನು ಹಾಲು ಕುಡಿಯುವುದಿಲ್ಲ ಎಂದೆ. ಅದಕ್ಕೆ ಅವರು ನಗಲಿಲ್ಲ. ಮೊಮ್ಮಗಳ ಟ್ಯೂಷನ್ ಬಗ್ಗೆ ಸಂಜೆ ಮಾತಾಡೋಣ ಎಂದರು, ಆ ಮಾತಿನ ಅರ್ಥ ನನಗೆ ಆಗಲೇ ತಿಳಿಯಿತು. ಒಳಗೆ ಹೋದರು. ಕಾಕಾ ಕದಲಲಿಲ್ಲ, ನಾನೂ ಕದಲಲಿಲ್ಲ. ಪಕ್ಕದ ಮನೆಯ ಮಹಡಿಯಿಂದ ಯಾರೋ ಬಗ್ಗಿ ನೋಡಿ ಹಿಂದೆ ಸರಿದರು. ಬಹಳ ಹೊತ್ತಾಯಿತು ಅನ್ನಿಸಿತು, ಬಹುಶಃ ಆಗಿರಲಿಲ್ಲ.

ಅವರು ಒಂದು ಸಣ್ಣ ಪಾತ್ರೆ ಹಿಡಿದು ಬಂದರು. ಗೇಟಿನ ಸಂದಿಯಿಂದ ಕೈ ಹೊರಚಾಚಿದರು.

"ಪಾವ್ ಲೀಟರ್ ಹಾಕು ಇವತ್ತು. ನಾಳಿಂದು ನಾಳಿ ನೋಡೂಣು."

ಕಾಕಾ ಕಾಲು ಲೀಟರ್ ಅಳೆದು ಹಾಕಿದ. ಕ್ಯಾನಿನ ಮುಚ್ಚಳ ಬಿಗಿಮಾಡಿ, ಮುಂದಿನ ಮನೆ ಇದೇ ಸಾಲಿನ ನಾಲ್ಕನೆಯದು ಎಂದು ನನಗೆ ಹೇಳಿ ಸೈಕಲ್ ತಳ್ಳಿದ.