ಅಕ್ಕನ ಪರವಾಗಿ ಕೂಗಿದ ಹದಿನಾಲ್ಕು

ಫಾರಂನಲ್ಲಿ ಅಕ್ಕನ ವಯಸ್ಸು ಐವತ್ನಾಲ್ಕು ಎಂದು ಬರೆದವಳು ನಾನೇ. ಅವಳಿಗೆ ಐವತ್ತೆಂಟು ತುಂಬಿತ್ತು. ಐವತ್ತೈದು ದಾಟಿದವರು ಈ ಕಾಡಿನ ನಡಿಗೆಗೆ ಬರುವಂತಿಲ್ಲ ಎಂದು ಫಾರಂನ ತಲೆಯ ಮೇಲೇ ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. ಅದರ ಕೆಳಗೆ ಸಕ್ಕರೆ ಕಾಯಿಲೆ, ಎದೆನೋವು, ಬಿ.ಪಿ. ಏನಾದರೂ ಇದೆಯೇ ಎಂಬ ಪ್ರಶ್ನೆ. 'ಇಲ್ಲ' ಎಂದು ಬರೆದೆ. ಅಕ್ಕನಿಗೆ ಆರು ವರ್ಷದಿಂದ ಸಕ್ಕರೆ ಕಾಯಿಲೆ. ಬೆಳಿಗ್ಗೆ ಗುಳಿಗೆ ನುಂಗಿದ ಮೇಲೆ ಹೊತ್ತಿಗೆ ಸರಿಯಾಗಿ ಹೊಟ್ಟೆಗೆ ಬೀಳದಿದ್ದರೆ ಮೈಯೆಲ್ಲ ಬೆವರಿ ಕೈಗಳು ನಡುಗುತ್ತವೆ. ಸುಳ್ಳು ಹೇಳಬಾರದು ಎಂದು ಇಪ್ಪತ್ತಾರು ವರ್ಷ ಮಕ್ಕಳಿಗೆ ಶುದ್ಧಬರಹ ಬರೆಸಿದ ಕೈ ಇದು, ಒಂದೇ ಹಾಳೆಯಲ್ಲಿ ಎರಡು ಸುಳ್ಳನ್ನು ಗುಂಡಗೆ ಬರೆಯಿತು. ಅಕ್ಕ ಕೆಳಗೆ ಹೆಬ್ಬೆಟ್ಟು ಒತ್ತಿದಳು. ಏನು ಬರೆದೆ ಎಂದು ಕೇಳಲಿಲ್ಲ.

ನಾನು ಶಹಾಪುರದಲ್ಲಿ ಮಾಸ್ತರಿಕೆ ಮಾಡುವವಳು. ಅಕ್ಕ ಇರುವುದು ರಂಗಂಪೇಟೆಯಿಂದಾಚೆ ನಮ್ಮ ಹಳ್ಳಿಯಲ್ಲಿ, ಕುರಿಗಳ ಜೊತೆ. ಅವ್ವ ತೀರಿಕೊಂಡಾಗ ನನಗೆ ಏಳು, ಅವಳಿಗೆ ಹದಿನೈದು. ಮರುದಿನದಿಂದಲೇ ಕುರಿಯ ಹಿಂದೆ ಅವಳು ನಡೆದಳು, ಸಾಲಿಗೆ ನಾನು ನಡೆದೆ. ಯಾರೂ ಕೂತು ಮಾತಾಡಿ ತೀರ್ಮಾನಿಸಿದ್ದಲ್ಲ, ಹಾಗೇ ಆಗಿಹೋಯಿತು. ಶನಿವಾರ ಮಧ್ಯಾಹ್ನ ಸಾಲಿ ಬಿಟ್ಟೊಡನೆ ನಾನು ಗುಡ್ಡಕ್ಕೆ ಓಡುತ್ತಿದ್ದೆ. ಕಾದ ಬಂಡೆಯ ಮೇಲೆ ಟವೆಲ್ ಹಾಸಿ ಕೂತು ಪಾಠ ಓದುತ್ತಿದ್ದೆ, ಅವಳು ಕುರಿಗಳ ಕಡೆ ಕಣ್ಣಿಟ್ಟು ಕೇಳುತ್ತಿದ್ದಳು. ಒಂದು ಪಾಠದಲ್ಲಿ ಬಿಸಿಲು ನೆಲ ಮುಟ್ಟದ ಕಾಡಿನ ವಿಷಯ ಬಂತು.

"ಬಿಸಲು ನೆಲಕ್ಕ ಬೀಳೂದಿಲ್ಲಂತ? ಪುಸ್ತಕದಾಗ ಸುಳ್ಳ ಬರದಾರ," ಎಂದಳು.

ಐದು ಕುರಿ ನಿಂತರೆ ಆರನೆಯದು ಬಿಸಿಲಿಗೆ ಬೀಳುವಂಥ ಬೇವಿನ ನೆರಳೇ ಅವಳಿಗೆ ಗೊತ್ತಿದ್ದ ದೊಡ್ಡ ನೆರಳು. ಆದರೂ ಮಾತು ಅವಳ ತಲೆಯಲ್ಲಿ ಉಳಿದುಬಿಟ್ಟಿತು. ವರ್ಷಕ್ಕೊಮ್ಮೆಯಾದರೂ, "ಆ ಕಾಡು ಖರೇನೇ ಅದ ಏನು?" ಎಂದು ಕೇಳುತ್ತಿದ್ದಳು. ದಸರಾ ರಜೆಯಲ್ಲಿ ನಮ್ಮ ಸಾಲಿಯವರು ಘಟ್ಟದ ಕಾಡಿಗೆ ಹೊರಟು, ಕೊನೆಗಳಿಗೆಯಲ್ಲಿ ಒಬ್ಬರು ಹಿಂದೆ ಸರಿದಾಗ, ಆ ಜಾಗಕ್ಕೆ ಅಕ್ಕನನ್ನು ಸೇರಿಸಿದೆ. ಅವಳ ಋಣ ತೀರಿಸುತ್ತೇನೆಂಬ ಹಮ್ಮು ನನ್ನಲ್ಲಿ ಇದ್ದೇ ಇತ್ತು, ಇಲ್ಲ ಅನ್ನಲಾರೆ.

ಬೆಳಿಗ್ಗೆ ಕಾಡಿನ ಬಾಯಲ್ಲಿ ಗೈಡ್ ನಮಗಾಗಿ ಕಾಯುತ್ತಿದ್ದರು. ಅದೇ ಸೀಮೆಯವರು, ನಲವತ್ತರ ಆಸುಪಾಸು, ತೆಳ್ಳಗಿನ ಮನುಷ್ಯ. ಫಾರಂಗಳನ್ನು ಒಂದೊಂದಾಗಿ ತಿರುವಿ ಹಾಕುತ್ತಿದ್ದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಅವರು ತಲೆ ಎತ್ತಿದಾಗಲೆಲ್ಲ ನಾನು ಬೂಟಿನ ಲೇಸು ಕಟ್ಟಲು ಬಗ್ಗುತ್ತಿದ್ದೆ. ಅವರು ಏನೂ ಕೇಳಲಿಲ್ಲ. ಎಲ್ಲರಿಗೂ ಒಂದೊಂದು ಸಂಖ್ಯೆ ಕೊಟ್ಟರು. ದಾರಿಯಲ್ಲಿ ಐದು ಹಳ್ಳ ಸಿಗುತ್ತವೆ, ಪ್ರತಿ ಹಳ್ಳ ದಾಟಿದೊಡನೆ ಒಂದರಿಂದ ಹದಿನಾಲ್ಕರವರೆಗೆ ಒಬ್ಬೊಬ್ಬರಾಗಿ ತಮ್ಮ ಸಂಖ್ಯೆ ಕೂಗಬೇಕು ಎಂದರು. "ಇಲ್ಲಿ ಹತ್ತು ಹೆಜ್ಜೆ ಆಚೆ ಹೋದವರು ಕಾಣುವುದಿಲ್ಲ. ಆ ಎಣಿಕೆಯೇ ನನ್ನ ಕಣ್ಣು, ಮಾರಾಯ್ರೆ."

ನನಗೆ ಹದಿಮೂರು, ಅಕ್ಕನಿಗೆ ಹದಿನಾಲ್ಕು. ಅಕ್ಕ ಒಪ್ಪಲಿಲ್ಲ.

"ಜೀವ ಇದ್ದದ್ದು ಎಣಿಸಬಾರದ್ರಿ. ಎಣಿಸಿದ್ರ ಒಂದು ಕಮ್ಮಿ ಆಗ್ತದ."

ನಮ್ಮವರ ಪದ್ಧತಿ ಇದು. ಕುರಿ ಎಷ್ಟಿವೆ ಎಂದು ಕೇಳಿದರೆ ಅಕ್ಕ ಇವತ್ತಿಗೂ ಹೇಳುವುದಿಲ್ಲ. ಸಂಜೆ ಹಟ್ಟಿಯ ಬಾಗಿಲಲ್ಲಿ ನಿಂತು ಒಳಗೆ ಹೋಗುವ ಒಂದೊಂದರ ಮುಖ ನೋಡುತ್ತಾಳೆ, ಕೊನೆಯಲ್ಲಿ "ಬಿಳಿಕಿವೀದು ಬಂದಿಲ್ಲ" ಎನ್ನುತ್ತಾಳೆ. ಅದು ತಪ್ಪಿದ್ದನ್ನು ನಾನು ನೋಡಿಲ್ಲ. ಆದರೆ ಆ ಬೆಳಿಗ್ಗೆ ಹೆಡ್‌ಮಾಸ್ತರರು ನಕ್ಕರು, ಇನ್ನಿಬ್ಬರು ಮುಖ ಮುಖ ನೋಡಿಕೊಂಡರು. ನನಗೆ ನಾಚಿಕೆಯಾಯಿತು. ಅಕ್ಕನ ಬಗ್ಗೆಯೇ ನಾಚಿಕೆಯಾಯಿತು, ಅದನ್ನು ಮುಚ್ಚಿಟ್ಟು ಏನು ಫಲ?

"ಅಕೀ ನಂಬರ್ ನಾ ಹೇಳ್ತೀನಿ ಬಿಡ್ರಿ," ಎಂದೆ.

ಕುರಿ ಕಾಯುವವರು ಹಿಂದೆಯೇ ಇರಬೇಕು ಎಂದು ಅಕ್ಕ ಸಾಲಿನ ಕೊನೆಗೆ ಹೋಗಿ ನಿಂತಳು. ನಾನು ಅವಳ ಮುಂದೆ.

ಒಳಗೆ ಕಾಲಿಟ್ಟ ಹತ್ತು ನಿಮಿಷಕ್ಕೇ ನನ್ನ ಧೈರ್ಯ ಉಡುಗಿತು. ನಮ್ಮ ಕಡೆ ಎಲ್ಲಿ ನಿಂತರೂ ಶಹಾಪುರದ ಗುಡ್ಡ ಕಾಣುತ್ತದೆ, ಅದನ್ನು ಎಡಕ್ಕೋ ಬಲಕ್ಕೋ ಇಟ್ಟುಕೊಂಡರೆ ಮನೆ ಸೇರುತ್ತೇವೆ. ಇಲ್ಲಿ ಗುಡ್ಡದ ಮೇಲೇ ನಡೆಯುತ್ತಿದ್ದರೂ ಗುಡ್ಡ ಕಾಣುವುದಿಲ್ಲ. ಎತ್ತ ನೋಡಿದರೂ ಹಸಿರು, ಹಸಿರಿನ ಹಿಂದೆ ಕತ್ತಲು. ಜೀರುಂಡೆಗಳ ಸದ್ದು ಕಿವಿಯೊಳಗೇ ಕೂತಂತೆ. ಕಾಲಲ್ಲಿ ಜಿಗಣೆ. ನೆಲ ಎಂದು ಇಟ್ಟ ಹೆಜ್ಜೆ ಕೊಳೆತ ಎಲೆಯೊಳಗೆ ಇಳಿಯುತ್ತಿತ್ತು. ನಾನು ಮಾತ್ರ ಕಾಡು ನೋಡುತ್ತಿರಲಿಲ್ಲ, ಅಕ್ಕನ ಕೈ ನೋಡುತ್ತಿದ್ದೆ. ನಡುಗುತ್ತಿವೆಯೇ? ಹಣೆಯ ಮೇಲಿರುವುದು ಬೆವರೇ, ಮರದ ಹನಿಯೇ?

ಅಕ್ಕನಿಗೆ ಯಾವ ಫಿಕರೂ ಇರಲಿಲ್ಲ. ಗೋಡೆಯಷ್ಟು ಅಗಲದ ಬೇರಿಗೆ ಅಂಗೈ ಒತ್ತಿ ನೋಡಿದಳು. ತಲೆ ಹಿಂದಕ್ಕೆ ಬಾಗಿಸಿ ಮೇಲೆ ನೋಡಿದಳು, ಕೆಳಗೆ ನೆಲ ನೋಡಿದಳು.

"ಸುಳ್ಳ ಬರದಿದ್ದಿಲ್ಲ ನೋಡು," ಎಂದಳು. "ಇಷ್ಟೂ ನೆಳ್ಳು! ಒಂದು ಚೂರು ನಮ್ಮ ಗುಡ್ಡಕ್ಕ ಒಯ್ಯಾಕ ಬಂದಿದ್ರ."

ಮೊದಲ ಹಳ್ಳ ದಾಟಿ ಎಣಿಕೆಯಾಯಿತು. ನಾನು ತಿರುಗಿ ಅವಳನ್ನು ನೋಡಿ, "ಹದಿಮೂರು" ಎಂದೆ, ತಡೆದು "ಹದಿನಾಲ್ಕು" ಎಂದೆ. ಎರಡನೆಯ ಹಳ್ಳದಲ್ಲೂ ತಿರುಗಿ ನೋಡಿದೆನೆಂದೇ ನನ್ನ ನೆನಪು. ಅಲ್ಲಿ ಅವಳಿಗೆ ಎರಡು ಬಿಸ್ಕತ್ತು ತಿನ್ನಿಸಿದೆ. ರೊಟ್ಟಿ, ಬೆಲ್ಲ, ನೀರು ಎಲ್ಲ ನನ್ನ ಚೀಲದಲ್ಲಿತ್ತು. ಭಾರ ಹೊರಬಾರದೆಂದು ಅವಳ ಕೈಗೆ ಕೋಲು ಬಿಟ್ಟು ಬೇರೇನೂ ಕೊಟ್ಟಿರಲಿಲ್ಲ.

ಮೂರನೆಯ ಹಳ್ಳ ಹತ್ತಿರವಾಗುವಾಗ ಮಳೆ ಸುರಿಯಿತು. ಮಳೆಯಂಗಿಯ ಟೋಪಿ ಎಳೆದುಕೊಂಡೆ. ಹಿಂದಿನಿಂದ ಅಕ್ಕ ಏನೋ ಅಂದಂತಾಯಿತು. "ಹೂಂ" ಎಂದೆ. ಹಳ್ಳದ ಕಲ್ಲುಗಳು ಜಾರುತ್ತಿದ್ದವು, ಕಣ್ಣು ಕಾಲಿನ ಮೇಲೇ ಇತ್ತು. ಆಚೆ ದಡ ಸೇರಿದಾಗ ಎಣಿಕೆ ಓಡಿಬರುತ್ತಿತ್ತು: ಹತ್ತು, ಹನ್ನೊಂದು, ಹನ್ನೆರಡು. ಟೋಪಿಯ ದಾರ ಬಿಗಿಯುತ್ತಲೇ "ಹದಿಮೂರು, ಹದಿನಾಲ್ಕು" ಎಂದು ಒಂದೇ ಉಸಿರಲ್ಲಿ ಒದರಿದೆ. ಸಾಲಿಯಲ್ಲಿ ಹಾಜರಿ ಹಾಕುವ ನಾಲಗೆ, ತಾನಾಗಿಯೇ ಓಡಿತು.

ಅರ್ಧ ತಾಸು ನಡೆದು ಊಟದ ಬಂಡೆಗೆ ಬಂದೆವು. ಚೀಲ ಇಳಿಸಿ, ರೊಟ್ಟಿಯ ಗಂಟು ಬಿಚ್ಚಿ, "ತಗೋ ಅಕ್ಕ" ಎಂದು ಹಿಂದಕ್ಕೆ ಕೈ ಚಾಚಿದೆ. ಯಾರೂ ತೆಗೆದುಕೊಳ್ಳಲಿಲ್ಲ. ತಿರುಗಿದರೆ ದಾರಿ ಖಾಲಿ.

ಬಂಡೆಯ ಹಿಂದೆ ನೋಡಿದೆ, ಮರದ ಹಿಂದೆ ನೋಡಿದೆ. "ಅಕ್ಕಾ!" ಎಂದು ಕೂಗಿದೆ. ಮಳೆಯ ಸದ್ದು ಅದನ್ನು ಅಲ್ಲೇ ನುಂಗಿತು.

ಗೈಡ್ ಬಂದರು. "ಹಳ್ಳ ದಾಟಿದ ಮೇಲೆ ಹದಿನಾಲ್ಕು ಬಂತಲ್ಲ ಮೇಡಂ? ಹಾಗಾದರೆ ಈಚೆ ದಡದಲ್ಲೇ ಎಲ್ಲೋ ಇರಬೇಕು. ಇಲ್ಲೇ ಹುಡುಕುವ."

ಹೇಳದೆ ಗತಿಯಿರಲಿಲ್ಲ. ಹದಿಮೂರು ಜನರ ಮುಂದೆ ಹೇಳಿದೆ. "ಅಕೀ ಹಳ್ಳ ದಾಟ್ಯಾಳೋ ಇಲ್ಲೋ ನನಗ ಗೊತ್ತಿಲ್ರಿ. ನಾ ಹೊಳ್ಳಿ ನೋಡಲಿಲ್ಲ. ನೋಡದ ಹದಿನಾಲ್ಕು ಅಂದೆ."

ಮಾಡಿದ್ದುಣ್ಣೋ ಮಹಾರಾಯ ಎಂದು ಯಾರಾದರೂ ಬೈದಿದ್ದರೂ ನನಗೆ ಸಮಾಧಾನವಾಗುತ್ತಿತ್ತು. ಹೇಳುವುದು ಇನ್ನೂ ಒಂದು ಉಳಿದಿತ್ತು. ಸಕ್ಕರೆ ಕಾಯಿಲೆಯ ಮಾತು ಹೇಳಿದೆ, ಗುಳಿಗೆ ನುಂಗಿ ಐದು ತಾಸಾಗಿದೆ ಎಂದೆ, ಅವಳ ಹತ್ತಿರ ತಿನ್ನಲು ಏನೂ ಇಲ್ಲ ಎಂದೆ. ವಯಸ್ಸನ್ನೂ ಹೇಳಿಬಿಟ್ಟೆ.

ಗೈಡ್ ಸಿಟ್ಟಾಗುತ್ತಾರೆಂದುಕೊಂಡಿದ್ದೆ. ಅವರ ಮುಖ ಬಿಳಿಚಿತು, ಅದು ಸಿಟ್ಟಿಗಿಂತ ಕೆಟ್ಟದ್ದು. "ಬೆಳಿಗ್ಗೆ ಹೇಳಬಹುದಿತ್ತು ಮೇಡಂ. ಅರ್ಧ ದಿನದ ಸಣ್ಣ ದಾರಿ ಒಂದಿದೆ, ಅದಕ್ಕೆ ವಯಸ್ಸಿನ ಮಿತಿಯಿಲ್ಲ. ಅವರನ್ನು ನನ್ನ ಬೆನ್ನಿಗೇ ಇಟ್ಟುಕೊಂಡು ಅದರಲ್ಲಿ ಕರೆದೊಯ್ಯುತ್ತಿದ್ದೆ," ಎಂದರು. ಉಳಿದವರು ಬಂಡೆ ಬಿಟ್ಟು ಅಲುಗಬಾರದೆಂದು ಹೆಡ್‌ಮಾಸ್ತರರಿಗೆ ಹೇಳಿ, ಬಂದ ದಾರಿಯಲ್ಲೇ ಓಡಿದರು. ನಾನು ಹಿಂದೆ ಓಡಿದೆ, ಬಿದ್ದೆ, ಎದ್ದು ಮತ್ತೆ ಓಡಿದೆ.

ಆ ಅರ್ಧ ತಾಸಿನ ದಾರಿಯಲ್ಲಿ ನನ್ನ ತಲೆಯೊಳಗೆ ಏನೇನೋ ಬಂತು. ಹಳ್ಳದಲ್ಲಿ ಜಾರಿದ್ದರೆ? ಎಚ್ಚರ ತಪ್ಪಿ ಎಲೆಗಳ ಮೇಲೆ ಬಿದ್ದಿದ್ದರೆ? ಈ ಹಸಿರಿನಲ್ಲಿ ಹಸಿರು ಸೀರೆ ಕಂಡೀತೇ? ಆ ಸೀರೆ ನಾನೇ ಕೊಡಿಸಿದ್ದು. ಊರಿಗೆ ಹೋಗಿ ಕುರಿಗಳ ಮುಂದೆ ಹೇಗೆ ನಿಲ್ಲಲಿ ಎಂದೂ ಅನ್ನಿಸಿತು. ಮನುಷ್ಯರ ನೆನಪು ಬರಲಿಲ್ಲ, ಕುರಿಗಳ ನೆನಪೇ ಬಂತು.

ಹಳ್ಳದ ಹತ್ತಿರ ಗೈಡ್ ಕೈ ಎತ್ತಿ ನನ್ನನ್ನು ನಿಲ್ಲಿಸಿದರು. ಮಳೆ ಸಣ್ಣದಾಗಿತ್ತು. ನೀರಿನ ಸದ್ದಿನ ಆಚೆಯಿಂದ ಗಂಟಲಲ್ಲಿ ಉರುಳಿ ಕೊನೆಗೆ ಮೇಲೇರುವ ಒಂದು ಕೂಗು ಬಂತು.

"ಯಾವುದೋ ಹಕ್ಕಿ," ಎಂದರು ಗೈಡ್.

ಹಕ್ಕಿಯಲ್ಲ. ಚದುರಿದ ಕುರಿಗಳನ್ನು ಮನೆ ಕಡೆ ತಿರುಗಿಸುವ ಕೂಗು. ಮೂವತ್ತು ವರ್ಷದಿಂದ ಕೇಳಿರಲಿಲ್ಲ, ಆದರೂ ನನ್ನ ಕಾಲುಗಳು ತಾವಾಗಿಯೇ ಅತ್ತ ತಿರುಗಿದವು. "ನಮ್ಮಕ್ಕ ರೀ!" ಎಂದು ಚೀರಿ ನೀರಿಗಿಳಿದೆ.

ಆಚೆ ದಡದ ಒಂದು ಬೇರಿಗೆ ಒರಗಿ ಕೂತಿದ್ದಳು. ಕೋಲು ತೊಡೆಯ ಮೇಲಿತ್ತು. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು, ಎರಡೂ ಕೈ ನಡುಗುತ್ತಿದ್ದವು, ಹಿಮ್ಮಡಿಯಲ್ಲಿ ಊದಿದ ಜಿಗಣೆ. ಗೈಡ್ ಗ್ಲೂಕೋಸ್ ಕಲಸಿದ ನೀರನ್ನು ಗುಟುಕು ಗುಟುಕಾಗಿ ಕುಡಿಸಿದರು. ನಾನು ಬೆಲ್ಲದ ಚೂರು ಬಾಯಿಗಿಟ್ಟೆ. ಸ್ವಲ್ಪ ಹೊತ್ತಿಗೆ ಅವಳ ಕಣ್ಣಿಗೆ ಬೆಳಕು ಬಂತು.

"ನಿಮ್ಮ ಹೆಡ್‌ಮಾಸ್ತರು ಅಲ್ಲೀತನಕ ಮುಟ್ಟ್ಯಾರೇನು? ಎಡಗಾಲು ಎಳದು ನಡಿಯಾಕತ್ತಿದ್ರು," ಎಂದಳು.

ನಾನು ಅತ್ತೆ. ದೊಡ್ಡ ದನಿ ತೆಗೆದು, ಮಕ್ಕಳ ಹಾಗೆ ಅತ್ತೆ.

"ಯಾಕ ಅಳ್ತಿ? ಒಂದಕ್ಕ ಹೋಗಬೇಕಿತ್ತು. 'ನಿಂದ್ರು, ಬಂದೆ' ಅಂದೆ. ನೀ 'ಹೂಂ' ಅಂದಿ. ಹೊಳ್ಳಿ ಬಂದ್ರ ಯಾರೂ ಇಲ್ಲ, ದಾರೀನೂ ಇಲ್ಲ. ದಾರಿ ತಪ್ಪಿದ ಕುರಿ ಓಡಬಾರದು, ಅದಕ್ಕ ಕುಂತೆ." ಇನ್ನೊಂದು ಗುಟುಕು ಕುಡಿದಳು. "ಎಣಿಸುವಾಗ ನಾ ಇಲ್ಲಂತ ಗೊತ್ತಾಗಿರಬೇಕಲ್ಲ? ಅದಕ್ಕ ಈಗ ಬರ್ತಾರ, ಆಗ ಬರ್ತಾರ ಅಂತ ಕುಂತಿದ್ದೆ."

ಅವಳು ಕಾದದ್ದು ಆ ಎಣಿಕೆಯನ್ನು ನಂಬಿ. ಜೀವಮಾನದಲ್ಲಿ ಮೊದಲ ಸಲ ಎಣಿಕೆಯನ್ನು ನಂಬಿದ್ದಳು.

"ನಿನ್ನ ನಂಬರೂ ನಾನೇ ಹೇಳಿಬಿಟ್ಟೆ ಅಕ್ಕ," ಎಂದೆ.

"ನೋಡದ?"

"ನೋಡದ."

ಅವಳು ಬೈಯಲಿಲ್ಲ. ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಅದಕ್ಕ ಎಣಿಸಬಾರದು ಅನ್ನೂದು. ಎಣಿಕಿ ಬರೋಬ್ಬರಿ ಆತಂದ್ರ ಮಂದಿ ಮುಖ ನೋಡೂದು ಬಿಡ್ತಾರ," ಎಂದಳು.

ಅವಳು ಹೇಳಿದ್ದು ಹಳ್ಳದ ವಿಷಯವನ್ನು ಮಾತ್ರ ಎಂದು ನನಗೆ ಗೊತ್ತು. ಆದರೆ ತಿಂಗಳಿಗೊಮ್ಮೆ ಫೋನ್ ಮಾಡಿ, "ಆರಾಮ ಅದಿ?" ಎಂದು ಕೇಳಿ, ಅವಳು ಉತ್ತರಿಸುವ ಮೊದಲೇ "ಹಾಂ, ಆರಾಮ ಇರು" ಎಂದು ಇಟ್ಟುಬಿಡುತ್ತಿದ್ದ ನನಗೆ ಆ ಮಾತು ಬೇರೆ ಎಲ್ಲೋ ನಾಟಿತು.

ರೊಟ್ಟಿ ತಿಂದು, ಅರ್ಧ ತಾಸು ಮಲಗಿ ಎದ್ದ ಮೇಲೆ ಅವಳು ನಡೆಯುವಂತಾದಳು. ಬಂಡೆಯ ಬಳಿ ಉಳಿದವರು ಅಲುಗದೆ ಕೂತಿದ್ದರು. ಕಾಡಿನಿಂದ ಹೊರಬೀಳಲು ಉಳಿದ ಎರಡು ಹಳ್ಳ ದಾಟುವುದೇ ಹತ್ತಿರ ಎಂದರು ಗೈಡ್. ಅಕ್ಕನನ್ನು ತಮ್ಮ ಬೆನ್ನಿಗೇ ನಿಲ್ಲಿಸಿಕೊಂಡರು, ಅವಳ ಹಿಂದೆ ನನ್ನನ್ನು. ಮುಂದೆ ನಡೆದರೆ ಹಿಂದಿನವರು ಕಾಣುವುದಿಲ್ಲ ಎಂದು ಅಕ್ಕ ಗೊಣಗಿದಳು. ಹತ್ತು ಹೆಜ್ಜೆಗೊಮ್ಮೆ ನಿಂತು ತಿರುಗಿ ನೋಡುತ್ತಿದ್ದಳು, ಪ್ರತಿ ಸಲ ಸಾಲೆಲ್ಲ ಮುಗ್ಗರಿಸಿ ನಿಲ್ಲುತ್ತಿತ್ತು. ಯಾರೂ ನಗಲಿಲ್ಲ.

ನಾಲ್ಕನೆಯ ಹಳ್ಳ ದಾಟಿ ಗೈಡ್ ಎಣಿಕೆಗೆ ನಿಂತರು. ಒಂದರಿಂದ ಹನ್ನೆರಡರವರೆಗೆ ಹಿಂದಿನಿಂದ ದನಿಗಳು ಬಂದವು. "ಹದಿಮೂರು," ಎಂದೆ. ಅಕ್ಕನ ಬೆನ್ನು ಕೈಯಳತೆಯಲ್ಲಿತ್ತು, ಒದ್ದೆ ಸೀರೆಯ ವಾಸನೆ ಮೂಗಿಗೆ ಬರುತ್ತಿತ್ತು. ಆದರೂ ಮುಂದಿನ ಸಂಖ್ಯೆ ನನ್ನ ಬಾಯಿಂದ ಹೊರಡಲಿಲ್ಲ. ಎಲ್ಲರೂ ಕಾದರು.

"ಅಕ್ಕಾ," ಎಂದೆ.

ಅವಳು ತಿರುಗಿದಳು. ಮೊದಲು ನನ್ನ ಮುಖ ನೋಡಿದಳು, ಆಮೇಲೆ ನನ್ನ ಹಿಂದಿನವರದು, ಅವರ ಹಿಂದಿನವರದು, ಹೀಗೆ ಸಾಲಿನ ತುದಿಯವರೆಗೆ ಒಂದೊಂದು ಮುಖದ ಮೇಲೂ ಕಣ್ಣು ನಿಲ್ಲಿಸಿ ನೋಡಿದಳು. ಅವಸರ ಮಾಡಲಿಲ್ಲ.

"ಎಲ್ಲಾರೂ ಅದಾರ," ಎಂದಳು ಗೈಡ್‌ಗೆ. "ನಡೀರಿ."

ಅವರು ಹದಿನಾಲ್ಕನ್ನು ಕೇಳಲಿಲ್ಲ, ನಡೆದರು.