ಟವೆಲಿನ ಕೆಳಗೆ ಎರಡು ಬೆರಳು

ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷ. ಕಾಲೇಜು ಮುಗಿಸಿದಾಗ ಅಪ್ಪ ಕೊಡಿಸಿದ್ದ ಗಡಿಯಾರ ಎಡಗೈಯಲ್ಲಿತ್ತು. ಬಲಗೈ ಟವೆಲಿನ ಕೆಳಗಿತ್ತು. ಮುಳಬಾಗಿಲಿನ ಸಂತೆಯಲ್ಲಿ, ಎತ್ತು ಕಟ್ಟುವ ಸಾಲಿನ ಕೊನೆಯ ಹುಣಸೆಮರದಡಿ, ಒಬ್ಬ ಮುದುಕ ಫೋಟೋಗ್ರಾಫರನ ಬೆರಳು ಹಿಡಿದು ನಾನು ಅವನ ಹಳೇ ಕ್ಯಾಮರಾಕ್ಕೆ ಬೆಲೆ ಕಟ್ಟುತ್ತಿದ್ದೆ. ಬೆಂಕಿ ಕಂಡದ್ದು ಹನ್ನೆರಡು ದಿನ ಕಳೆದ ಮೇಲೆ. ಕೆಟ್ಟದ್ದು ಮಾತ್ರ ಆ ನಿಮಿಷದಲ್ಲೇ.

ಕೊಳ್ಳುತ್ತಿದ್ದವನು ನನ್ನ ಸೋದರಮಾವನ ಮಗ. ನನ್ನ ಓರಗೆಯವನು, ವರಸೆಯಲ್ಲಿ ಭಾವ. ತಾಯಲೂರಿನ ಹತ್ತಿರ ಅವರ ಹಿಪ್ಪುನೇರಳೆ ತೋಟ. ಮಹಾಯುದ್ಧ ಬಂದು ರೇಷ್ಮೆಗೆ ಎಲ್ಲಿಲ್ಲದ ಬೆಲೆ ಬಂದಿತ್ತು, ಮಿಡ್ಲ್‌ಸ್ಕೂಲೂ ಮುಗಿಸದ ಅವನ ಜೇಬಿನಲ್ಲಿ ನೋಟುಗಳು ಸದ್ದು ಮಾಡುತ್ತಿದ್ದವು. ನಾನು ಬಿ.ಎಸ್‌ಸಿ. ಮುಗಿಸಿ ಕೋಲಾರದ ಹೈಸ್ಕೂಲಿನಲ್ಲಿ ಮೇಷ್ಟ್ರು. ಬೆಳಕು ಮಸೂರದೊಳಗೆ ಹೇಗೆ ಬಾಗುತ್ತದೆ ಅಂತ ಕರಿಹಲಗೆಯ ಮೇಲೆ ದಿನಾ ಗೆರೆ ಎಳೆಯುತ್ತಿದ್ದೆ. ಸ್ವಂತ ಕ್ಯಾಮರಾ ಕೊಳ್ಳಬೇಕೆಂದು ಮೂರು ವರ್ಷದಿಂದ ಆಸೆಪಟ್ಟಿದ್ದೆ. ಪ್ರತಿ ತಿಂಗಳೂ ಸಂಬಳ ಬೇರೆ ಯಾವುದಕ್ಕೋ ಹೋಗುತ್ತಿತ್ತು.

"ಮೇಷ್ಟ್ರೇ, ನಾನು ಕ್ಯಾಮರಾ ತಗೋತೀನಿ ಕಣೋ. ಮಗಳ ನಾಮಕರಣಕ್ಕೆ ನಾನೇ ಫೋಟೋ ಹಿಡೀಬೇಕು. ನೀನು ಬಂದು ನೋಡು, ಎತ್ತಿನ ಹಲ್ಲು ನೋಡೋ ಹಂಗೆ" ಅಂದಿದ್ದ.

ಅಮ್ಮ ಅಲ್ಲೇ ಇದ್ದಳು. "ನೋಡಿದ್ಯಾ? ಓದಿದೋನು ನೀನು, ಕೊಳ್ಳೋನು ಅವನು" ಎಂದು ನಕ್ಕಳು. ಅಮ್ಮನಿಗೆ ಅಣ್ಣನ ಮಗ ಅಂದರೆ ಪ್ರಾಣ. ಆ ಮಾತು ನನ್ನೊಳಗೆ ಮುಳ್ಳಿನಂತೆ ಮುರಿದು ಉಳಿಯಿತು.

ಮುದುಕ ಸಂತೆ ದಿನಗಳಲ್ಲಿ ಬಣ್ಣದ ಪರದೆ ಕಟ್ಟಿ ಫೋಟೋ ತೆಗೆಯುತ್ತಿದ್ದವನು. ಯುದ್ಧದಿಂದ ಫಿಲ್ಮು ಬರುವುದು ನಿಂತುಹೋಗಿ ಕೆಲಸವಿಲ್ಲದೆ, ಶ್ರೀನಿವಾಸಪುರದ ಮಗಳ ಮನೆಗೆ ಹೊರಟಿದ್ದ. ಕೊನೆಯ ನಾಲ್ಕು ಸುರುಳಿ ಫಿಲ್ಮೂ ಕ್ಯಾಮರಾದ ಜೊತೆಗೇ ಕೊಡುತ್ತೇನೆ ಎಂದ. ನಾನು ಕ್ಯಾಮರಾ ಕೈಗೆ ತೆಗೆದುಕೊಂಡೆ. ಕರಿ ಚರ್ಮದ ತಿದಿಯನ್ನು ಬಿಡಿಸಿ, ಬಿಸಿಲಿಗೆ ಹಿಡಿದು ಒಳಗಿನಿಂದ ನೋಡಿದೆ. ಸೂಜಿಮೊನೆಯಷ್ಟು ತೂತೂ ಇರಲಿಲ್ಲ. ಮಸೂರದ ಅಂಚಿನಲ್ಲಿ ಒಂದು ಸಣ್ಣ ಗೀರು, ಚಿತ್ರಕ್ಕೆ ತೊಂದರೆಯಿಲ್ಲದ್ದು. ಷಟರನ್ನು ಒಂದೊಂದು ವೇಗಕ್ಕೂ ತಿರುಗಿಸಿ ಕಿವಿಗಿಟ್ಟು ಒತ್ತಿದೆ. ಒಂದು ಸೆಕೆಂಡಿನದು ಸ್ವಲ್ಪ ಎಳೆಯುತ್ತಿತ್ತು, ಮಿಕ್ಕವು ಶುದ್ಧ. ಮನಸ್ಸಿನಲ್ಲಿ ಬೆಲೆ ಕಟ್ಟಿದೆ: ಎಪ್ಪತ್ತು ರೂಪಾಯಿ. ನ್ಯಾಯವಾದ ಬೆಲೆ. ನನ್ನದಾಗಿದ್ದರೆ ಎಂಬತ್ತಾದರೂ ಕೊಡುತ್ತಿದ್ದೆ.

"ಏಮಿ ಬಾಬು, ಬಾಗುಂದಾ?" ಚೆನ್ನಾಗಿದೆಯಾ ಎಂದು ತೆಲುಗಿನಲ್ಲಿ ಕೇಳಿದ ಮುದುಕ. ನಾನು ಮುಖ ಸಿಂಡರಿಸಿದೆ.

ಆ ಸಂತೆಯಲ್ಲಿ ಯಾರೂ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಪಕ್ಕದವನಿಗೆ ಕೇಳಿಸಿದರೆ ಮುಂದಿನ ವ್ಯಾಪಾರ ಕೆಡುತ್ತದೆ. ಕೊಳ್ಳುವವನು ತಾನೇ ಕೈ ಕೊಡುವುದೂ ಇಲ್ಲ, ಅವನ ಕಡೆಯವನೊಬ್ಬ ಕೊಡುತ್ತಾನೆ. ಕೈಗಳ ಮೇಲೆ ಟವೆಲು ಹೊದಿಸಿ, ಬೆರಳು ಹಿಡಿದರೆ ಹತ್ತು ರೂಪಾಯಿ, ಬೆರಳ ತುದಿ ಒತ್ತಿದರೆ ಒಂದು. ತಾತ ಎತ್ತು ಕೊಳ್ಳುವಾಗ ನಾನೂ ಭಾವನೂ ಪಕ್ಕ ನಿಂತು ಕಲಿತದ್ದು.

ಮುದುಕ ನನ್ನ ಐದು ಬೆರಳು ಹಿಡಿದು, ಬಿಟ್ಟು, ಮತ್ತೆ ನಾಲ್ಕು ಹಿಡಿದ. ತೊಂಬತ್ತು. ನಾನು ಅವನ ಐದು ಬೆರಳನ್ನು ಒಟ್ಟಿಗೆ ಹಿಡಿದೆ. ಐವತ್ತು. ಅದು ಅವಮಾನದ ಬೆಲೆ. ಅವನು ಟವೆಲು ಕೊಡವಿ ಎದ್ದು ಹೋಗಲಿ, ನನ್ನ ಭಾವ ಬರಿಗೈಯಲ್ಲಿ ಊರಿಗೆ ಮರಳಲಿ, ನನಗೆ ಬೇಕಾಗಿದ್ದದ್ದು ಅಷ್ಟೇ. ಮುದುಕ ಎದ್ದು ಹೋಗಲಿಲ್ಲ. ಅವನ ಅಂಗೈ ಬೆವೆತಿತ್ತು. ನನ್ನ ಐದು ಬೆರಳನ್ನೂ ಗಟ್ಟಿಯಾಗಿ ಹಿಡಿದ. ವ್ಯಾಪಾರ ಕುದುರಿತು.

ಆಮೇಲೆ ಅವನು ಎಡಗೈಯಿಂದ ಒಂದು ಉದ್ದನೆಯ ಕೋಲು ಎತ್ತಿ ತೋರಿಸಿದ. ತುದಿಯಲ್ಲಿ ತಗಡಿನ ತಟ್ಟೆ, ಬುಡದಲ್ಲಿ ಕಿಡಿ ಹಾರಿಸುವ ಎಳೆತಂತಿ. ಕತ್ತಲ ಮನೆಯೊಳಗೆ ಫೋಟೋ ತೆಗೆಯಲು, ಕಿಡಿ ತಾಗಿದರೆ ಭಗ್ಗನೆ ಬೆಳಗುವ ಮಿಂಚುಪುಡಿ ಸುಡುವ ಸಾಧನ. ಮುಖದಿಂದ ಒಂದು ಮಾರು ದೂರ ಹಿಡಿಯಬಹುದಾದದ್ದು. ಟವೆಲಿನ ಕೆಳಗೆ ನನ್ನ ಎರಡು ಬೆರಳ ತುದಿ ಒತ್ತಿದ. ಬೇಡುವಂತೆ ಮತ್ತೊಮ್ಮೆ ಅದನ್ನೇ ಒತ್ತಿದ. ಇನ್ನೆರಡೇ ರೂಪಾಯಿ.

ನಾನು ಕೈ ಎಳೆದುಕೊಂಡೆ. ಕ್ಯಾಮರಾ ಭಾವನದಾಯಿತು, ಸರಿ. ನಾಮಕರಣ ನಡೆಯುವ ನಡುಮನೆಯ ಕತ್ತಲಲ್ಲಿ ಅದು ಕುರುಡಾಗಿಯೇ ಇರಲಿ ಅಂದುಕೊಂಡೆ.

"ಐವತ್ತು" ಎಂದು ಭಾವನ ಕಿವಿಯಲ್ಲಿ ಹೇಳಿದೆ. ಅವನು ನನ್ನ ಬೆನ್ನು ತಟ್ಟಿದ. "ಏನ್ಲಾ ಇದು! ಎಮ್ಮೆ ದಲ್ಲಾಳಿ ಆಗ್ಬೇಕಾಗಿತ್ತು ನೀನು!"

ಅವನು ಸುಮ್ಮನೆ ಕೂರುವವನಲ್ಲ ಎನ್ನುವುದನ್ನು ನಾನು ಮರೆತಿದ್ದೆ. ಮಾಲೂರಿನ ಕಡೆಯ ಯಾರಿಂದಲೋ ಮಿಂಚುಪುಡಿ ತರಿಸಿದ. ಹಿಪ್ಪುನೇರಳೆ ಕಡ್ಡಿಯೊಂದಕ್ಕೆ ಹಿತ್ತಾಳೆ ತಟ್ಟೆ ಬಡಿದು, ತಾನೇ ಸಾಧನ ಮಾಡಿಕೊಂಡ. ಕಡ್ಡಿ ಮೊಳದುದ್ದವೂ ಇರಲಿಲ್ಲ. ಹೊತ್ತಿಸಲು ಊದುಬತ್ತಿ.

ನಾಮಕರಣದ ದಿನ ಮಧ್ಯಾಹ್ನ ತೊಟ್ಟಿಲ ಸುತ್ತ ಹೆಂಗಸರು ನಿಂತಿದ್ದರು. ಪುಡಿ ತಾನೇ ಹೊತ್ತಿಸುತ್ತೇನೆಂದು ಭಾವ ಹಟ ಹಿಡಿದದ್ದರಿಂದ, ನಾನು ಕ್ಯಾಮರಾದ ಹಿಂದೆ ನಿಂತು ಷಟರು ತೆರೆದು ಹಿಡಿದಿದ್ದೆ. ಅವನು ಪಕ್ಕದಲ್ಲಿ ತಟ್ಟೆ ಎತ್ತಿದ. ತಟ್ಟೆ ಅವನ ಕಿವಿಯ ಸಮಕ್ಕಿತ್ತು, ಪುಡಿ ಗುಡ್ಡೆಯಾಗಿತ್ತು. ನಾನು ಕಂಡೆ. ದೂರ ಹಿಡಿಯೋ ಎನ್ನಬೇಕೆಂದು ಬಾಯಿ ತೆರೆದೆ. ಆಗಲೇ ಅಮ್ಮ, "ಎಲ್ಲಾ ಅವನೇ ಮಾಡಿದ್ದು ಕಣೇ, ಯಾರೂ ಹೇಳಿಕೊಟ್ಟಿಲ್ಲ" ಎಂದು ಯಾರಿಗೋ ಹೇಳಿದಳು. ಒಂದು ಉಸಿರಿನಷ್ಟು ಹೊತ್ತು ನಾನು ತಡೆದೆ. ಅಷ್ಟೇ.

ಬೆಳಕಲ್ಲ ಅದು, ಏಟು. ಎಲ್ಲ ಬಿಳಿಯಾಯಿತು, ಆಮೇಲೆ ಹೊಗೆ. ಹೊಗೆಯೊಳಗಿಂದ ಅವನ ದನಿ, "ಕಣ್ಣು! ನನ್ ಕಣ್ಣು!" ತೊಟ್ಟಿಲ ಬಟ್ಟೆಯ ಮೇಲೆ ಕಿಡಿಗಳು ಬಿದ್ದು ಕಪ್ಪು ಉಂಗುರಗಳಾಗಿ ಹರಡುತ್ತಿದ್ದವು. ಹೇಗೆ ಹಾರಿದೆನೋ ಗೊತ್ತಿಲ್ಲ, ಎರಡೂ ಅಂಗೈಯಿಂದ ಒತ್ತಿ ಆರಿಸಿದೆ. ಮಗುವಿಗೆ ಏನೂ ಆಗಲಿಲ್ಲ. ಅವನ ಹುಬ್ಬು ಸುಟ್ಟುಹೋಗಿತ್ತು, ಬಲಗೈ ಬೊಬ್ಬೆ ಎದ್ದಿತ್ತು. ಎರಡೂ ಕಣ್ಣು ಊದಿ ಮುಚ್ಚಿದ್ದವು.

ಗಾಡಿ ಕಟ್ಟಿ, ಆಮೇಲೆ ಬಸ್ಸು ಹಿಡಿದು ಕೋಲಾರದ ಆಸ್ಪತ್ರೆಗೆ ಕರೆದೊಯ್ದೆವು. ಕಟ್ಟು ಬಿಚ್ಚುವವರೆಗೆ ಏನೂ ಹೇಳಲಾಗದು ಅಂದರು ಡಾಕ್ಟರು. ಊರಲ್ಲೆಲ್ಲ ನನ್ನ ಹೊಗಳಿಕೆ. "ಮೇಷ್ಟ್ರು ಇಲ್ದಿದ್ರೆ ಮಗು ಉಳೀತಿರಲಿಲ್ಲ." ಜೀವನದಲ್ಲಿ ಮೊದಲ ಸಲ ಅಮ್ಮ ಅವನಿಗಿಂತ ನನ್ನನ್ನು ಹೆಚ್ಚೆಂದಳು. ನಾನು ಕಾದಿದ್ದ ಮಾತು ಅದು. ಕೇಳಿ ಎದ್ದು ಹೊರಗೆ ಹೋದೆ. ಕಣ್ಣು ಮುಚ್ಚಿದರೆ ಬಿಳಿ ಏಟು, ಅದರ ಹಿಂದೆಯೇ ಬೆರಳ ತುದಿಯಲ್ಲಿ ಒತ್ತು, ಎರಡು ಸಲ. ನಿದ್ದೆ ಎನ್ನುವುದು ಮರೆತೇ ಹೋಗಿತ್ತು.

ಆರನೆಯ ದಿನ ಶಾಲೆ ಬಿಟ್ಟ ಮೇಲೆ ಅವನ ಹಾಸಿಗೆಯ ಪಕ್ಕ ಕೂತೆ. ಕಣ್ಣಿಗೆ ಕಟ್ಟು. ಹೊದಿಕೆಯ ಕೆಳಗೆ ಅವನ ಎಡಗೈ ಹುಡುಕಿ ಎರಡು ಬೆರಳ ತುದಿ ಒತ್ತಿದೆ. ಮತ್ತೊಮ್ಮೆ ಒತ್ತಿದೆ. ಆಮೇಲೆ ಕೈ ಎಳೆದುಕೊಂಡೆ.

"ಗೊತ್ತು" ಅಂದ ಅವನು. "ಸಂತೇಲಿ ನೋಡ್ತಿದ್ದೆ. ಕೋಲು ತೋರಿಸ್ದ, ಟವೆಲು ಎರಡು ಸಲ ಅಲ್ಲಾಡ್ತು, ನೀನು ಕೈ ತಗೊಂಡೆ. ನನ್ ದುಡ್ಡು ಉಳಿಸ್ತಿದ್ದೀಯ ಅಂದ್ಕೊಂಡೆ ಕಣೋ."

"ಅಲ್ಲ."

"ಮತ್ತೆ?"

"ಹೊಟ್ಟೆಕಿಚ್ಚು."

ಅವನು ಹೊದಿಕೆಯನ್ನು ಎದೆಯವರೆಗೆ ಎಳೆದುಕೊಂಡ. ಆಮೇಲೆ ಕೇಳಿದ, "ನಿಜವಾದ ಬೆಲೆ ಎಷ್ಟು?"

"ಎಪ್ಪತ್ತು. ಕೋಲು ಬೇರೆ."

"ಲೇ, ಹಂಗಾದ್ರೆ ಆ ಮುದುಕನ ಕಣ್ಣಿಗೂ ಮಣ್ಣು ಹಾಕ್ದೆ. ಹೋಗು. ಮಿಕ್ಕಿದ್ದು ಕೊಟ್ಟು ಕೋಲು ತಗೊಂಬಾ. ನಿನ್ ಸಂಬಳದಾಗೆ." ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ. "ತರೋವರ್ಗೂ ಬರಬೇಡ."

ಭಾನುವಾರ ಶ್ರೀನಿವಾಸಪುರಕ್ಕೆ ಹೋದೆ. ಮುದುಕ ಮಗಳ ಮನೆಯ ಜಗಲಿಯಲ್ಲಿದ್ದ. ಇಪ್ಪತ್ತೆರಡು ರೂಪಾಯಿ ಮುಂದಿಟ್ಟು, "ಅವತ್ತು ಬೆಲೆ ತಪ್ಪು ಕಟ್ಟಿದ್ದೆ. ಇಪ್ಪತ್ತು ಅದಕ್ಕೆ, ಎರಡು ಕೋಲಿಗೆ" ಅಂದೆ. ಅವನು ಒಳಗಿನಿಂದ ಕೋಲು ತಂದು, ತಂತಿಯನ್ನು ಎರಡು ಸಲ ಎಳೆದು ಕಿಡಿ ಬರುವುದನ್ನು ತೋರಿಸಿ ಕೊಟ್ಟ. "ದೂರಂಗಾ ಪಟ್ಟುಕೋ, ಬಾಬು" ಅಂದ. ದೂರ ಹಿಡಿ.

ಮಂಗಳವಾರ ಕಟ್ಟು ಬಿಚ್ಚಿದರು. ನಾನು ಕೋಲು ಹಿಡಿದು ಬಾಗಿಲಲ್ಲೇ ನಿಂತಿದ್ದೆ. ಎಡಗಣ್ಣು ಸ್ಪಷ್ಟ, ಬಲಗಣ್ಣಿಗೆ ಮಂಜು. ಅವನು ಕಣ್ಣೀರು ಒರೆಸಿಕೊಂಡು ಕೋಲಿನ ಬುಡದಿಂದ ತುದಿಯವರೆಗೆ ನೋಡಿ, "ಉದ್ದ ಇದೆ" ಅಂದ. ಆಮೇಲೆ ಇನ್ನೊಂದು ಮಾತು: "ಕ್ಯಾಮರಾ ನೋಡೋಕೆ ಒಂದು ಕಣ್ಣು ಸಾಕಲ್ವೇನೋ, ಮೇಷ್ಟ್ರೇ?" ನಕ್ಕನೋ ಇಲ್ಲವೋ ತಿಳಿಯಲಿಲ್ಲ. ಆ ಕ್ಷಣದಲ್ಲೂ, ಕ್ಯಾಮರಾ ಅವನದು ಅನ್ನುವುದು ನನಗೆ ಚುಚ್ಚಿತು. ಅದನ್ನೂ ಇಲ್ಲಿ ಬರೆಯಲೇಬೇಕು.

ಅವತ್ತು ದೀಪ ಹಚ್ಚುವ ಹೊತ್ತಿಗೆ ಮನೆಗೆ ಬಂದು ಚಾಪೆಯ ಮೇಲೆ ಹಾಗೇ ಒರಗಿದೆ; ಕಣ್ಣು ಮುಚ್ಚಿದರೆ ಬಿಳಿ ಏಟು ಬರಲಿಲ್ಲ. ಬುಧವಾರ ಶಾಲೆಯ ಗಂಟೆ ಹೊಡೆದದ್ದು ಕೇಳಿ ಎಚ್ಚರವಾಯಿತು. ಬಿಸಿಲು ಎದೆಯ ಮೇಲಿತ್ತು. ಗಡಿಯಾರಕ್ಕೆ ಕೀಲಿ ಕೊಡುವುದನ್ನು ಮರೆತಿದ್ದೆ, ಅದು ನಿಂತುಹೋಗಿತ್ತು.