ಬೀದಿ ಹಸು ಎಂದವರ ಮನೆ

ಬೈಲಪ್ಪ ರಾಗಿ ಬಿತ್ತುತ್ತಿದ್ದ ಹೊಲದ ಮೇಲೆ ಲೇಔಟ್ ಬಂತು. ಹೊಲ ಹೋದ ಕೆಲವು ವರ್ಷಕ್ಕೆ ಬೈಲಪ್ಪನೂ ಹೋದ. ಅವನ ಹೆಂಡತಿ ರುದ್ರಮ್ಮನಿಗೆ ಉಳಿದದ್ದು ಕತ್ರಿಗುಪ್ಪೆಯ ಹಳೇ ಊರೊಳಗೆ ಒಂದು ಹೆಂಚಿನ ಮನೆ, ಪಕ್ಕದಲ್ಲಿ ಕೊಟ್ಟಿಗೆ, ಕೊಟ್ಟಿಗೆಯಲ್ಲಿ ಕೆಂಪಿ ಅನ್ನುವ ಹಸು.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಸುತ್ತಲೂ ಎರಡಂತಸ್ತಿನ ಮನೆಗಳೆದ್ದಿದ್ದವು. ಅಲ್ಲಿನವರಿಗೆ ಸಗಣಿ ವಾಸನೆ ಆಗದು, ಸೊಳ್ಳೆ ಆಗದು, ಕಾರಿಗೆ ಅಡ್ಡ ನಿಲ್ಲುವ ದನ ಆಗದು. ಬಡಾವಣೆಯ ಸಂಘದವರು ಮನೆಮನೆಯಿಂದ ರುಜು ಹಾಕಿಸಿಕೊಂಡು ಕಾರ್ಪೊರೇಷನ್ನಿಗೆ ಅರ್ಜಿ ಕೊಟ್ಟರು. ವಸತಿ ಜಾಗದಲ್ಲಿ ದನ ಸಾಕಬಾರದು, ರಸ್ತೆಯಲ್ಲಿ ಕಂಡರೆ ದೊಡ್ಡಿಗೆ ಸೇರಿಸುತ್ತೇವೆ ಎಂದು ಪಾರ್ಕಿನ ಗೇಟಿಗೆ ಬೋರ್ಡು ಬಿತ್ತು. ರುದ್ರಮ್ಮನಿಗೆ ಓದಲು ಬರುತ್ತಿರಲಿಲ್ಲ, ಬೋರ್ಡಿನಲ್ಲಿದ್ದ ಹಸುವಿನ ಚಿತ್ರ ಮತ್ತು ಅದರ ಮೇಲಿನ ಕೆಂಪು ಗೀಟು ಅರ್ಥವಾಯಿತು.

"ನೀವಿದ್ದ ಕಡೆಗೆ ನಾವು ಬಂದ್ವಾ, ನಾವಿದ್ದ ಕಡೆಗೆ ನೀವು ಬಂದ್ರಾ?" ಎಂದು ಆ ಬೋರ್ಡಿಗೇ ಕೇಳಿ ಬಂದಳು.

ಹಾಗೆಂದು ಅವರ್ಯಾರಿಗೂ ಹಸು ಪೂರ್ತಿ ಬೇಡವಾಗಿರಲಿಲ್ಲ. ಹಾಲಿಗೆ ಪ್ಯಾಕೆಟ್ಟು, ಗಿಡಕ್ಕೆ ಮೂಟೆ ಗೊಬ್ಬರ, ಪುಣ್ಯಕ್ಕೆ ಮಾತ್ರ ರುದ್ರಮ್ಮನ ಹಸು. ಗೃಹಪ್ರವೇಶದ ದಿನ ಎಲ್ಲರಿಗಿಂತ ಮೊದಲು ಹೊಸ ಮನೆಯೊಳಗೆ ಹೆಜ್ಜೆಯಿಡಬೇಕಾದದ್ದು ಕರುವಿನ ಜೊತೆ ಹಸು ತಾನೇ! ಮೂಗು ಮುಚ್ಚಿಕೊಂಡು ಅವಳ ಮನೆ ದಾಟುತ್ತಿದ್ದವರೇ ಮುಹೂರ್ತ ಗೊತ್ತಾದ ಕೂಡಲೇ ಕೊಟ್ಟಿಗೆ ಬಾಗಿಲಿಗೆ ಬಂದು "ರುದ್ರಮ್ಮನೋರೇ" ಅನ್ನುತ್ತಿದ್ದರು.

ಬ್ಯಾಂಕಿನಲ್ಲಿ ಅಧಿಕಾರಿಯಾಗಿದ್ದ ಸೇತುರಾಮನೂ ಹಾಗೇ ಬಂದ. ಅರ್ಜಿ ಹಿಡಿದು ಮನೆಮನೆ ಸುತ್ತಿ ರುಜು ಹಾಕಿಸಿದವನು ಅವನೇ. ಬೆಳ್ಳಿ ಹಸುವಿನ ಬೊಂಬೆ ಇಟ್ಟರೆ ಸಾಕು ಎಂದು ಅವನ ವಾದ. ಅವನ ತಾಯಿ ಅಮ್ಮಣ್ಣಿ ಬಿಲ್‌ಕುಲ್ ಒಪ್ಪಲಿಲ್ಲ. "ಬೊಂಬೆ ಸಗಣಿ ಹಾಕತ್ತೇನೋ?" ಅಂದರಂತೆ.

ಇನ್ನೂ ಬೆಳಕು ಹರಿಯುವ ಮುಂಚೆ ರುದ್ರಮ್ಮ ಕೆಂಪಿಯನ್ನೂ ಎಳೆಗರುವನ್ನೂ ಹೊಡೆದುಕೊಂಡು ಹೋದಳು. ಆ ಮನೆಯ ನೆಲವೆಲ್ಲ ಕನ್ನಡಿಯಂಥ ಗ್ರಾನೈಟು. ಗೊರಸು ಜಾರಿದರೆ ಹಸುವಿನ ಕಾಲು ಮುರಿಯುತ್ತದೆ. ಬಾಗಿಲಿನಿಂದ ದೇವರ ಮನೆಯ ತನಕ ಒದ್ದೆ ಗೋಣಿಚೀಲ ಹಾಸಿ, ಕೆಂಪಿಯ ಕಿವಿಯಲ್ಲಿ "ಬಾವ್ವ, ಬಾ" ಎನ್ನುತ್ತಾ ನಡೆಸಿದಳು. ಅಮ್ಮಣ್ಣಿ ಕಾಲು ತೊಳೆದು ಅರಿಸಿನ ಕುಂಕುಮ ಇಟ್ಟು ಬಾಳೆಹಣ್ಣು ತಿನ್ನಿಸಿದರು. ಸೇತುರಾಮ ಬಾಲ ಮುಟ್ಟಿ ಕಣ್ಣಿಗೊತ್ತಿಕೊಂಡ. ಕೆಂಪಿ ನಡುಮನೆಯಲ್ಲೇ ಗಂಜಲ ಹುಯ್ದಾಗ ನೆಂಟರೆಲ್ಲ ಒಳ್ಳೆಯ ಶಕುನವೆಂದು ನುಗ್ಗಿ ತಲೆಗೆ ಪ್ರೋಕ್ಷಿಸಿಕೊಂಡರು.

ಪೂಜೆ ಮುಗಿದ ಮೇಲೆ ಸೇತುರಾಮ, "ಹಸು ಗೇಟ್ ಆಚೆ ಕಟ್ಟಮ್ಮ, ಹಿಂದ್ಗಡೆ ಅಡುಗೆಯವ್ರಿದಾರೆ. ನೀನು ಹಿತ್ತಲಲ್ಲಿ ಕೂತ್ಕೊ, ತಿಂಡಿ ಕೊಡ್ತಾರೆ," ಎಂದ. ಕರು ರಸ್ತೆಗೆ ಓಡೀತೆಂದು ಅದನ್ನು ತನ್ನ ಜೊತೆಗೆ ಹಿತ್ತಲಿಗೆ ಕರೆದೊಯ್ದು, ರುದ್ರಮ್ಮ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಎಲೆ ಹಾಕಿಸಿಕೊಂಡು ಉಪ್ಪಿಟ್ಟು ತಿಂದಳು.

ಮುಂದೆ ಬಂದಾಗ ಹಸು ಇರಲಿಲ್ಲ.

ಮೂಲೆಯಲ್ಲಿ ಇಸ್ತ್ರಿ ಗಾಡಿ ಇಟ್ಟಿದ್ದ ನಾರಾಯಣಮ್ಮ ಓಡಿ ಬಂದಳು. "ದೊಡ್ಡಿ ಲಾರಿ ಬಂದಿತ್ತಕ್ಕ. ಯಾರ್ದು ಹಸು ಅಂತ ಕೇಳಿದ್ರು. ಈ ಮನೆ ಯಜಮಾನ್ರು ಇಲ್ಲೇ ನಿಂತಿದ್ರು. ಗೊತ್ತಿಲ್ಲ, ಯಾವ್ದೋ ಬೀದಿ ಹಸು ಅಂದ್ಬಿಟ್ರು. ನಾನು ಕೂಗ್ದೆ, ಯಾರೂ ಕೇಳಿಸ್ಕೊಳ್ಲಿಲ್ಲ."

"ಕುಂಕುಮ ಇತ್ತಲ್ಲೇ ಹಣೇಲಿ! ಕೊರಳಲ್ಲಿ ಹೂವಿತ್ತಲ್ಲೇ!"

"ಹೂವಿತ್ತು ಕಣಕ್ಕ. ಹೂವಿನ ಸಮೇತ ಹತ್ತಿಸ್ಕೊಂಡ್ರು."

ರುದ್ರಮ್ಮ ಕರುವನ್ನು ಹಿತ್ತಲಲ್ಲೇ ಕಟ್ಟಿ ದೊಡ್ಡಿಗೆ ಓಡಿದಳು. ಅಲ್ಲಿ ಕೆಂಪಿ ಗೂಳಿ, ಎಮ್ಮೆಗಳ ನಡುವೆ ಸಿಕ್ಕಿಕೊಂಡು ನಿಂತಿತ್ತು. ಕೆಚ್ಚಲು ಬಿಗಿದು ಹಾಲು ತಾನಾಗೇ ಸಿಮೆಂಟಿನ ಮೇಲೆ ತೊಟ್ಟಿಕ್ಕುತ್ತಿತ್ತು. ಅದನ್ನು ನೋಡಿ ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು.

ದೊಡ್ಡಿ ನೋಡಿಕೊಳ್ಳುವ ಜಯದೇವಪ್ಪ ಕೆಟ್ಟವನೇನಲ್ಲ. "ಏನ್ಮಾಡ್ಲಮ್ಮ, ಮನೆಯವ್ರೇ ಬೀದಿ ಹಸು ಅಂದ್ರು. ವಾರಸುದಾರರಿಲ್ಲದ ದನ ಇವತ್ತು ಸಾಯಂಕಾಲದ ಲಾರೀಲಿ ಊರಾಚೆ ಹೋಗತ್ತೆ. ನಂದೇ ಅಂತ ಬಂದವ್ರಿಗೆಲ್ಲ ಕೊಟ್ರೆ ನನ್ ಕೆಲಸ ಹೋಗತ್ತೆ. ಆ ಸ್ವಾಮಿನೇ ಬಂದು, ನಾನೇ ಕರೆಸಿದ್ದೆ, ಇವಳದೇ ಹಸು ಅಂತ ಹೇಳ್ಲಿ. ಈಗಿಂದೀಗ್ಲೇ ಬಿಡ್ತೀನಿ."

"ಒಂದು ಮಾತು ಹೇಳಿದ್ರೆ ಸಾಕಾ?"

"ಸಾಕು."

ಅವಳು ವಾಪಸು ಬಂದಾಗ ಸೇತುರಾಮನ ಮನೆಯಲ್ಲಿ ಊಟದ ಪಂಕ್ತಿ ನಡೆದಿತ್ತು. ಹಿತ್ತಲಿನಿಂದ ಕರುವಿನ ಕೂಗು. ಅವಳನ್ನು ಕಂಡ ಸೇತುರಾಮ ಅವಸರದಲ್ಲಿ ಗೇಟಿನ ಬಳಿ ಬಂದ.

"ಎಲ್ಲಿಗ್ಹೋಗಿದ್ದೆ? ಅದು ಕೂಗಿ ಕೂಗಿ ತಲೆ ಚಿಟ್ಟು ಹಿಡಿಸ್ತಿದೆ. ಗೆಸ್ಟ್ಸ್ ಬಂದಿದಾರೆ, ಕರ್ಕೊಂಡ್ಹೋಗಮ್ಮ."

"ಅದರ ತಾಯಿ ಎಲ್ಲಿ ಸ್ವಾಮಿ?"

"ನೋಡು, ಲಾರಿಯವ್ರು ಮನೆಯವ್ರ ಮೇಲೆ ಕೇಸ್ ಹಾಕ್ತೀವಿ ಅಂದ್ರು. ಕಂಪ್ಲೇಂಟ್ ಕೊಟ್ಟಿರೋದೇ ನಾವು, ನಮ್ಮನೆ ಮುಂದೇನೇ ಹಸು ಅಂದ್ರೆ ಹೆಂಗಿರತ್ತೆ? ಸೋಮವಾರ ಯಾರಿಗಾದ್ರೂ ಹೇಳಿ ಬಿಡಿಸ್ತೀನಿ." ಜೇಬಿಗೆ ಕೈ ಹಾಕಿದ. "ಈಗ ಇದಿಟ್ಕೊ, ಗಲಾಟೆ ಮಾಡ್ಬೇಡ."

ರುದ್ರಮ್ಮ ನೋಟಿನ ಕಡೆ ನೋಡಲೂ ಇಲ್ಲ. ಅವನನ್ನು ದಾಟಿ ಮೆಟ್ಟಿಲು ಹತ್ತಿದಳು. ಅರಿಸಿನ ಬಳಿದು ಮಾವಿನ ತೋರಣ ಕಟ್ಟಿದ್ದ ಬಾಗಿಲ ಹೊಸ್ತಿಲ ಮೇಲೆ, ನಟ್ಟ ನಡುವೆ, ಕೂತುಬಿಟ್ಟಳು.

ಒಳಗಿದ್ದವರು ಹೊರಗೆ ಬರುವಂತಿಲ್ಲ, ಹೊರಗಿದ್ದವರು ಒಳಗೆ ಹೋಗುವಂತಿಲ್ಲ. ಗೃಹಪ್ರವೇಶದ ದಿನ ಹೊಸ್ತಿಲ ಮೇಲಿನ ಹೆಂಗಸನ್ನು ದಾಟುವ ಧೈರ್ಯ ಯಾರಿಗಿದೆ? ಉಂಡ ಕೈ ಒಣಗುತ್ತಿದ್ದ ನೆಂಟರು ಸಾಲಾಗಿ ನಿಂತರು.

"ಹೊಸ್ತಿಲ ಮೇಲೆ ಕೂರ್ತಾರೇನಮ್ಮಾ, ಲಕ್ಷ್ಮಿ ಬರೋ ಜಾಗ!" ಎಂದು ಒಬ್ಬ ಹಿರಿಯರು ಗದರಿದರು.

"ಲಕ್ಷ್ಮೀನ ಬೆಳಿಗ್ಗೆನೇ ಲಾರಿ ಹತ್ತಿಸಿ ಕಳ್ಸಾಯ್ತಲ್ಲ ಸ್ವಾಮಿ. ಇನ್ಯಾರು ಬರ್ಬೇಕು?"

ಗದ್ದಲ ಕೇಳಿ ಅಮ್ಮಣ್ಣಿ ಬಂದರು. ರುದ್ರಮ್ಮ ತಲೆಯೆತ್ತಿ ಎಲ್ಲವನ್ನೂ ಹೇಳಿದಳು, ಒಂದು ಮಾತೂ ಹೆಚ್ಚಿಲ್ಲ, ಒಂದು ಮಾತೂ ಕಡಿಮೆಯಿಲ್ಲ. ಅಮ್ಮಣ್ಣಿ ಮಗನ ಕಡೆ ತಿರುಗಿದರು.

"ನಾನು ಕಾಲು ತೊಳೆದ ಹಸೂನ ಬೀದಿ ಹಸು ಅಂದ್ಯಾ?"

"ಅಮ್ಮ, ರೂಲ್ಸ್ ಏನಂದ್ರೆ..."

"ಬೆಳಿಗ್ಗೆ ಬಾಲ ಕಣ್ಣಿಗೊತ್ಕೊಂಡಾಗ ರೂಲ್ಸ್ ಎಲ್ಹೋಗಿತ್ತು? ಈ ಹೆಂಗಸು ಏಳೋ ತನಕ ನಾನು ಈ ಮನೇಲಿ ದೀಪ ಹಚ್ಚಲ್ಲ."

ಸೇತುರಾಮ ಜರಿಪಂಚೆಯಲ್ಲೇ ಸ್ಕೂಟರ್ ಹತ್ತಿದ. ಅವನ ಹಿಂದೆ ಕೂರಲು ರುದ್ರಮ್ಮ ಒಪ್ಪಲಿಲ್ಲ. ಕರುವಿನ ಹಗ್ಗ ಬಿಚ್ಚಿ, ಅದನ್ನು ನಡೆಸಿಕೊಂಡೇ ಹೊರಟಳು. ಅವಳು ಬರುವ ತನಕ ಅವನು ದೊಡ್ಡಿಯ ಮುಂದೆ ಬಿಸಿಲಲ್ಲಿ ಕಾಯಬೇಕಾಯಿತು.

ಅವಳು ಬಂದದ್ದೇ ಅವನು ಜಯದೇವಪ್ಪನ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಇಂಗ್ಲಿಷಿನಲ್ಲಿ ಏನೋ ಹೇಳಿದ.

"ಕನ್ನಡದಲ್ಲಿ ಹೇಳಿ," ಎಂದಳು ರುದ್ರಮ್ಮ. "ಬೀದಿ ಹಸು ಅನ್ನೋದನ್ನ ಕನ್ನಡದಲ್ಲೇ ಅಂದ್ರಂತಲ್ಲ. ಇದನ್ನೂ ಅಷ್ಟೇ ಜೋರಾಗಿ ಹೇಳಿ. ನನಗೂ ಕೇಳ್ಲಿ."

ದೊಡ್ಡಿಯ ಆಳುಗಳು ಮೇವು ಹಾಕುವುದನ್ನು ನಿಲ್ಲಿಸಿ ನೋಡಿದರು. ಸೇತುರಾಮನ ಮುಖ ಕೆಂಪೇರಿತು.

"ಹಸು ನಾನೇ ಕರೆಸಿದ್ದು. ಇವರದೇ. ಬೆಳಿಗ್ಗೆ ಸುಳ್ಳು ಹೇಳ್ದೆ."

ಜಯದೇವಪ್ಪ ಗೇಟು ತೆಗೆದ. ಕರು ನುಗ್ಗಿ ಹೋಗಿ ಕೆಚ್ಚಲಿಗೆ ಬಾಯಿ ಹಾಕಿದರೆ ಕೆಂಪಿ ನೋವಿಗೆ ಒದ್ದಿತು. ರುದ್ರಮ್ಮ ಅಲ್ಲೇ ಕುಕ್ಕರುಗಾಲಲ್ಲಿ ಕೂತು, ಗಟ್ಟಿಯಾಗಿದ್ದ ಕೆಚ್ಚಲನ್ನು ಮೆಲ್ಲಗೆ ನೀವಿ, ಒಂದಿಷ್ಟು ಹಾಲನ್ನು ನೆಲಕ್ಕೆ ಕರೆದು, ಆಮೇಲೆ ಕರುವನ್ನು ಹತ್ತಿರ ಬಿಟ್ಟಳು.

"ಶಾಪಗೀಪ ಹಾಕ್ಬೇಡಮ್ಮ. ಹೊಸ ಮನೆ," ಎಂದ ಸೇತುರಾಮ ಬೆನ್ನ ಹಿಂದೆ ನಿಂತು.

"ನಾನ್ಯಾಕೆ ಹಾಕ್ಲಿ? ನೋಡೋವ್ನು ಮೇಲಿದಾನೆ. ನೀವು ದೂರ ನಿಂತ್ಕೊಳಿ, ಹಸು ಬೆದರತ್ತೆ."

ಆ ಸಿಟ್ಟು ಅವಳಿಗೆ ಇಳಿಯಲೇ ಇಲ್ಲ. ಇಳಿಯಬೇಕಾಗಿಯೂ ಇರಲಿಲ್ಲ. ಆದರೆ ಗೃಹಪ್ರವೇಶಗಳಿಗೆ ಹೋಗುವುದನ್ನು ಅವಳು ಬಿಡಲಿಲ್ಲ. ಕರೆಯಲು ಬಂದವರಿಗೆ ಮೊದಲೇ ಹೇಳುತ್ತಿದ್ದಳು: "ಪೂಜೆ ಆಗಿ ನಾನು ಉಂಡು ಬರೋ ತನಕ ಯಜಮಾನ್ರೇ ಬೀದೀಲಿ ನಿಂತು ಹಗ್ಗ ಹಿಡ್ಕೋಬೇಕು. ಆಳು ಕೈಗೆ ಕೊಡಂಗಿಲ್ಲ."

ಕೆಲವರು ಇದನ್ನು ಕೇಳಿ ನೇರ ಬೆಳ್ಳಿ ಅಂಗಡಿಗೆ ಹೋದರು. ಒಪ್ಪಿದವರು ಜರಿಪಂಚೆ ಉಟ್ಟು, ಅಕ್ಕಪಕ್ಕದವರು ನೋಡುತ್ತಿದ್ದಾರೆಯೇ ಎಂದು ಅತ್ತಿತ್ತ ಕಣ್ಣಾಡಿಸುತ್ತಾ ಹಗ್ಗ ಹಿಡಿದು ನಿಲ್ಲುತ್ತಿದ್ದರು. ಒಳಗೆ ರುದ್ರಮ್ಮ ಅವಸರವಿಲ್ಲದೆ ಉಣ್ಣುತ್ತಿದ್ದಳು. ಸಾರು ಇನ್ನೊಂದು ಸಲ ಹಾಕಿಸಿಕೊಂಡು.